ಮನೆಯಲ್ಲೇ ಓದುವ ಮಕ್ಕಳ ಕೈಬರಹ: ಅಡುಗೆಮನೆಯಿಂದ ಒತ್ತಕ್ಷರದವರೆಗೆ

ಹೋಮ್‌ಸ್ಕೂಲಿಂಗ್ ಮಾಡುವ ಮನೆಗೆ ಕೈಬರಹ ನೋಡಲು ಹೋದಾಗ ನಾನು ಚೀಲದಿಂದ ಮೊದಲು ತೆಗೆಯುವುದು ಅಳತೆ ಟೇಪು. ಹೆಚ್ಚಿನ ಮನೆಗಳಲ್ಲಿ ಬರೆಯುವ ಜಾಗವೆಂದರೆ ಊಟದ ಮೇಜು. ಮೇಜಿನ ಎತ್ತರ ಸುಮಾರು 75 ಸೆಂ.ಮೀ., ಕುರ್ಚಿಯದು 45. ಆರು ವರ್ಷದ ಮಗು ಕೂತರೆ ಮೊಣಕೈ ಕುರ್ಚಿಯ ಹಲಗೆಯಿಂದ 15–16 ಸೆಂ.ಮೀ. ಮೇಲಿರುತ್ತದೆ, ಅಂದರೆ ನೆಲದಿಂದ 60ರ ಆಸುಪಾಸು. ಮೇಜು ಅದಕ್ಕಿಂತ ಇನ್ನೂ 15 ಸೆಂ.ಮೀ. ಮೇಲೆ! ಮಗು ಹೆಗಲನ್ನು ಕಿವಿಯ ಹತ್ತಿರಕ್ಕೆ ಎತ್ತಿಕೊಂಡು ಬರೆಯುತ್ತದೆ, ಐದು ನಿಮಿಷದಲ್ಲಿ ಸುಸ್ತಾಗಿ ತಲೆಯನ್ನು ಎಡಗೈ ಮೇಲೆ ಒರಗಿಸುತ್ತದೆ, ಮನೆಯವರು ಸೋಮಾರಿ ಅನ್ನುತ್ತಾರೆ.

ಮೇಜು ಮೊಣಕೈಗಿಂತ ನಾಲ್ಕೈದು ಸೆಂ.ಮೀ. ಮಾತ್ರ ಮೇಲಿದ್ದರೆ ಸಾಕು. ಅದಕ್ಕೆ ಕುರ್ಚಿಯ ಮೇಲೆ 10 ಸೆಂ.ಮೀ. ದಪ್ಪಕ್ಕೆ ಮಡಚಿದ ಗಟ್ಟಿ ಕಂಬಳಿ, ಪಾದದ ಕೆಳಗೆ ಸುಮಾರು 25 ಸೆಂ.ಮೀ. ಎತ್ತರದ ಸ್ಟೂಲು. ಮೆತ್ತನೆಯ ದಿಂಬು ಬೇಡ, ಸೊಂಟ ಕುಸಿಯುತ್ತದೆ. ಕುರ್ಚಿಯ ಗೋಜೇ ಬೇಡವೆಂದರೆ ಚಕ್ಕಳಮಕ್ಕಳ ಹಾಕಿ ಕೂರಿಸಿ, ಮಗುವಿನ ಕಡೆಯ ಅಂಚು 20 ಸೆಂ.ಮೀ. ಎತ್ತರವಿರುವ ಇಳಿಜಾರು ಮಣೆ ಇಡಿ. ಹಳೇ ಅಂಗಡಿಗಳಲ್ಲಿ ಗುಮಾಸ್ತರು ಲೆಕ್ಕ ಬರೆಯುತ್ತಿದ್ದ ಡೆಸ್ಕು ಹೀಗೇ ಇರುತ್ತಿತ್ತು. ಸಾವಿರಾರು ರೂಪಾಯಿಯ ಸ್ಲಾಂಟ್ ಬೋರ್ಡ್ ಕೊಳ್ಳುವ ಮೊದಲು ಅದು ನೆನಪಾಗಲಿ. 35 ಸೆಂ.ಮೀ. ಉದ್ದದ ಪರೀಕ್ಷೆ ಪ್ಯಾಡಿನ ಮೇಲ್ತುದಿಯನ್ನು ಪುಸ್ತಕಗಳಿಟ್ಟು 12 ಸೆಂ.ಮೀ. ಎತ್ತಿದರೆ 20 ಡಿಗ್ರಿ ಇಳಿಜಾರು ಸಿಗುತ್ತದೆ. ಆ ಇಳಿಜಾರಿನಲ್ಲಿ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗಿ, ಹೆಬ್ಬೆರಳಿಗೂ ತೋರುಬೆರಳಿಗೂ ಆಡಲು ಜಾಗವಾಗುತ್ತದೆ.

ಕಣ್ಣಿನ ಪರೀಕ್ಷೆ ಆಗಿಲ್ಲದಿದ್ದರೆ ಮುಂದಿನದನ್ನು ಅಲ್ಲಿಗೇ ನಿಲ್ಲಿಸಿ ಕಣ್ಣಿನ ವೈದ್ಯರ ಹತ್ತಿರ ಕಳಿಸುತ್ತೇನೆ. ಶಾಲೆಯಲ್ಲಾದರೆ ಕರಿಹಲಗೆ ಕಾಣದಿದ್ದಾಗಲಾದರೂ ಗೊತ್ತಾಗುತ್ತದೆ. ಮನೆಯಲ್ಲಿ ಎಲ್ಲವೂ ಕೈಗೆಟಕುವ ದೂರದಲ್ಲೇ ಇರುವುದರಿಂದ ದೋಷ ಬಚ್ಚಿಟ್ಟುಕೊಂಡಿರುತ್ತದೆ.

ಆಮೇಲೆ ಆಕೃತಿಗಳು. ತೋರಿಸಿದ್ದನ್ನು ನೋಡಿ ಬರೆಯುವ ಶಕ್ತಿಗೆ ಒಂದು ಕ್ರಮವಿದೆ: ನಿಂತ ಗೆರೆ, ಮಲಗಿದ ಗೆರೆ, ವೃತ್ತ ಮೂರು ವರ್ಷದ ಆಸುಪಾಸಿಗೆ, ಕೂಡಿಸುವ ಚಿಹ್ನೆ ನಾಲ್ಕಕ್ಕೆ, ಚೌಕ ನಾಲ್ಕೂವರೆಗೆ, ತ್ರಿಕೋನ ಐದು ದಾಟಿದ ಮೇಲೆ. ಇಂಗ್ಲಿಷ್ ಅಕ್ಷರಕ್ಕೆ ಇಷ್ಟು ಸಾಕು. ಕನ್ನಡಕ್ಕೆ ಸಾಲದು ಅನ್ನುವುದೇ ನನ್ನ ಒಟ್ಟು ಕೆಲಸದ ತಿರುಳು. ನಮ್ಮ ತರಬೇತಿಯಲ್ಲಿ ಬಂದ ಕಾರ್ಯಕ್ರಮಗಳೆಲ್ಲ ಗೆರೆ, ಓರೆಗೆರೆ, ಅರ್ಧವೃತ್ತದ ಮೇಲೆ ಕಟ್ಟಿದವು. ಕನ್ನಡದಲ್ಲಿ ಓರೆಗೆರೆಯ ಕೆಲಸ ಕಡಿಮೆ. ದುಂಡು, ಸುಳಿ, ಕುಣಿಕೆ, ಒಂದೇ ಬೀಸಿನಲ್ಲಿ ದಿಕ್ಕು ಬದಲಿಸುವುದು ಹೆಚ್ಚು. ಹಾಗಾಗಿ ಆ ಪಟ್ಟಿಗೆ ಐದು ಸೇರಿಸಿಕೊಂಡಿದ್ದೇನೆ: ಒಳಕ್ಕೆ ಹೋಗುವ ಸುಳಿ, ಹೊರಕ್ಕೆ ಬರುವ ಸುಳಿ, ಅಲೆ, ಕಮಾನುಗಳ ಸಾಲು, ಮಲಗಿಸಿದ 8. ತ್ರಿಕೋನ ಚೆನ್ನಾಗಿ ಬರೆದ ಮಗು ಒಳಸುಳಿಯಲ್ಲಿ ಮೂಲೆ ಮೂಲೆಯಾಗಿ ತಿರುಗಿಸಿದರೆ, ಬೆರಳು ಆಡುತ್ತಿಲ್ಲ, ಇಡೀ ಮುಂಗೈ ಎಳೆಯುತ್ತಿದೆ ಎಂದರ್ಥ. ಅಂಥ ಮಗುವಿಗೆ ‘ಅ’ದಿಂದ ಪಾಠ ಶುರು ಮಾಡಿದರೆ ಕಷ್ಟದ್ದನ್ನೇ ಮೊದಲು ಕೊಟ್ಟಂತೆ.

ಬೆರಳಿಗೆ ಐದು ಒಂದು ರೂಪಾಯಿ ನಾಣ್ಯದ ಪರೀಕ್ಷೆ. ನಾಣ್ಯಗಳನ್ನು ಅಂಗೈಯಲ್ಲಿ ಮುಚ್ಚಿಟ್ಟು, ಇನ್ನೊಂದು ಕೈಯ ಸಹಾಯವಿಲ್ಲದೆ ಒಂದೊಂದಾಗಿ ಬೆರಳತುದಿಗೆ ತಂದು ಹುಂಡಿಗೆ ಹಾಕಬೇಕು. ಆರು ವರ್ಷದ ಮಗು ನಾಣ್ಯವನ್ನು ಎದೆಗೆ ಒತ್ತಿ ತಿರುಗಿಸಿಕೊಂಡರೆ ಅಥವಾ ಪದೇ ಪದೇ ಬೀಳಿಸಿದರೆ ಕೈಯೊಳಗಿನ ಸಣ್ಣ ಸ್ನಾಯುಗಳು ಇನ್ನೂ ಹದವಾಗಿಲ್ಲ.

ಅದನ್ನು ಹದ ಮಾಡುವ ಸಾಮಾನು ಅಡುಗೆಮನೆಯಲ್ಲಿದೆ. ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಹಿತುಕುವುದಕ್ಕಿಂತ ಒಳ್ಳೆಯ ಪಿಂಚ್ ವ್ಯಾಯಾಮ ನನಗೆ ಗೊತ್ತಿಲ್ಲ. ಹೆಬ್ಬೆರಳು, ತೋರುಬೆರಳ ತುದಿ, ಅಳೆದ ಒತ್ತಡ. ಹೆಚ್ಚಾದರೆ ಕಾಳು ಪುಡಿ, ಕಡಿಮೆಯಾದರೆ ಸಿಪ್ಪೆ ಬಿಡದು. ಪೆನ್ಸಿಲ್ ಕೇಳುವುದೂ ಇದೇ ಲೆಕ್ಕವನ್ನು. ದಿನಕ್ಕೆ ಒಂದು ಸಣ್ಣ ಬಟ್ಟಲು ಸಾಕು, ಸೇರುಗಟ್ಟಲೆ ಕೊಟ್ಟು ಕೂಲಿ ಮಾಡಿಸಬೇಡಿ. ಕಾಲ ಮುಗಿದ ಮೇಲೆ ಹೂಬತ್ತಿ ಹೊಸೆಯುವುದು, ಚಪಾತಿ ಹಿಟ್ಟು ನಾದುವುದು, ರಂಗೋಲಿ. ಅದರಲ್ಲೂ ಚುಕ್ಕಿಗಳನ್ನು ಸುತ್ತಿ ಬರುವ ಎಳೆ ರಂಗೋಲಿ ಕನ್ನಡ ಅಕ್ಷರದ ಬೀಸಿಗೆ ನೇರ ತಯಾರಿ: 3×3 ಚುಕ್ಕಿಯಿಂದ ಶುರು, ಮೊದಲ ವಾರ ಬೆರಳಲ್ಲಿ ಮಾತ್ರ, ಆಮೇಲೆ ಸೀಮೆಸುಣ್ಣ, ಪುಡಿ ಕೊನೆಗೆ. ಚೆನ್ನೆಮಣೆ ಇನ್ನೊಂದು. 14 ಗುಳಿ, ತಲಾ 4 ಕಾಳು; ಬಾಚಿದ ಕಾಳನ್ನು ಒಂದೊಂದೇ ಬಿಡುತ್ತಾ ಹೋಗುವುದು ಮೇಲೆ ಹೇಳಿದ ನಾಣ್ಯದ ಪರೀಕ್ಷೆಯೇ. ಹುಣಸೆಬೀಜ ಅಥವಾ ಪೂರ್ತಿ ಕೆಂಪಾಗಿರುವ ಮಂಜೊಟ್ಟಿ ಬೀಜ ಬಳಸಿ. ಕೆಂಪು ಮೈಗೆ ಕಪ್ಪು ಚುಕ್ಕೆಯ ಗುಲಗಂಜಿ ಖಂಡಿತ ಬೇಡ, ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಮೂರು ವರ್ಷಕ್ಕಿಂತ ಚಿಕ್ಕ ತಮ್ಮ ತಂಗಿ ಮನೆಯಲ್ಲಿದ್ದರೆ ಯಾವ ಕಾಳೂ ಬೇಡ.

ಸೆನ್ಸರಿ ಅನ್ನುವ ಪದ ಈಗ ಎಲ್ಲರ ಬಾಯಲ್ಲಿದೆ. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳಿಗೆ ಕೈ-ಮೈ ಪಳಗಿಸುವ ಚಿಕಿತ್ಸಕಿ) ಜೀನ್ ಏರ್ಸ್ 1960–70ರ ದಶಕಗಳಲ್ಲಿ ಕಟ್ಟಿದ ವಿಚಾರ ಅದು: ಮುಟ್ಟುವಿಕೆ, ದೇಹದ ಸಮತೋಲ, ಕೀಲು-ಸ್ನಾಯುಗಳಿಂದ ಬರುವ ಸುದ್ದಿ ಇವನ್ನು ಮಿದುಳು ಹೊಂದಿಸಿಕೊಂಡ ಮೇಲೆಯೇ ಕೆಲಸ ಸರಾಗ. ನಾನು ಇದನ್ನು ಬಳಸುವುದು ಎರಡು ಥರದ ಮಕ್ಕಳಿಗೆ.

ಮೊದಲನೆಯದು ಮುಟ್ಟಲು ಹಿಂಜರಿಯುವ ಮಗು. ಪೆನ್ಸಿಲನ್ನು ತುದಿಬೆರಳಲ್ಲಿ, ಮೇಲಕ್ಕೆ ಹಿಡಿಯುತ್ತದೆ, ಅಂಗೈ ಕಾಗದಕ್ಕೆ ತಾಕಿಸುವುದಿಲ್ಲ, ಗೆರೆ ನಡುಗುತ್ತದೆ. ಇಲ್ಲಿ ಮೆಟ್ಟಿಲು ಹೀಗೆ: ಒಣ ಕಾಳು, ಒಣ ರವೆ, ರಾಗಿಹಿಟ್ಟು, ಗಟ್ಟಿ ಕಣಕ, ಕೊನೆಗೆ ಅಂಟುವ ಹಿಟ್ಟು. ಪಕ್ಕದಲ್ಲಿ ಒದ್ದೆ ಬಟ್ಟೆ ಯಾವಾಗಲೂ ಇರಲಿ; ಒರೆಸಿಕೊಳ್ಳಬಹುದು ಅಂತ ಗೊತ್ತಿದ್ದರೆ ಮಗು ಇನ್ನೊಂದು ನಿಮಿಷ ಹೆಚ್ಚು ನಿಲ್ಲುತ್ತದೆ. ಬೆರಳು ಬೇಡವೆಂದರೆ ಚಮಚ. ಕೈ ಹಿಡಿದು ಹಿಟ್ಟಿಗೆ ಅದ್ದುವುದು ದೊಡ್ಡ ತಪ್ಪು, ಒಂದು ಸಲ ಹಾಗೆ ಮಾಡಿದರೆ ಮೂರು ವಾರದ ಕೆಲಸ ನೀರಿಗೆ ಹೋಗುತ್ತದೆ.

ಇನ್ನೊಂದು, ಒತ್ತಿ ಒತ್ತಿ ಬರೆದು ಮೊನೆ ಮುರಿಯುವ, ಕೂತಲ್ಲಿ ಕೂರದ ಮಗು. ಬರೆಯುವ ಮೊದಲು 8–10 ನಿಮಿಷ ಭಾರದ ಕೆಲಸ ಕೊಡಿ: ಗೋಡೆ ತಳ್ಳುವುದು, ಹಿಂದಿನಿಂದ ಒಬ್ಬರು ಕಾಲೆತ್ತಿ ಹಿಡಿದು ಕೈ ಮೇಲೆ ಹತ್ತು ಹೆಜ್ಜೆ ಬಂಡಿ ನಡಿಗೆ, ಒದ್ದೆ ಟವೆಲ್ ಹಿಂಡುವುದು, ಗಿಡಕ್ಕೆ ನೀರು ಹೊರುವುದು. ಹೊರೆ ದೇಹತೂಕದ 10% ದಾಟದಿರಲಿ; 20 ಕೆ.ಜಿ. ಮಗುವಿಗೆ ಎರಡು ಲೀಟರು, ಅರ್ಧ ಬಕೆಟ್ ಅಲ್ಲ. ಜೋಕಾಲಿ ಹಿಂದೆ ಮುಂದೆ ನಿಧಾನ ತೂಗಿದರೆ ಮಗು ಶಾಂತವಾಗುತ್ತದೆ, ಗಿರಗಿರ ಸುತ್ತಿಸಿದರೆ ಕೆರಳುತ್ತದೆ. ಬರವಣಿಗೆಗೆ ಮುಂಚೆ ಸುತ್ತಿಸಿ, ಯಾಕೆ ಕೂರುತ್ತಿಲ್ಲ ಅಂತ ಕೇಳುವವರು ಬಹಳ. ಮುಖ ಬಿಳಿಚಿದರೆ, ಬೆವರಿದರೆ ತಕ್ಷಣ ನಿಲ್ಲಿಸಿ. ಫಿಟ್ಸ್ ಇರುವ ಮಗುವಿಗೆ ವೈದ್ಯರನ್ನು ಕೇಳದೆ ಬೇಡವೇ ಬೇಡ.

ಇದೆಲ್ಲ ಹೇಳಿದ ಮೇಲೆ ಒಂದು ಕಟು ಮಾತು. ಹಿಟ್ಟು, ಜೋಕಾಲಿ ಇಷ್ಟರಿಂದಲೇ ಅಕ್ಷರ ದುಂಡಗಾಗುವುದಿಲ್ಲ. ಬರವಣಿಗೆ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕಂಡುಕೊಂಡದ್ದು ಇದನ್ನೇ: ಬರೆಯುವ ಅಭ್ಯಾಸ ಇಲ್ಲದ, ಅಥವಾ 20 ಅವಧಿಗಿಂತ ಕಡಿಮೆ ನಡೆದ ಚಿಕಿತ್ಸೆಗಳು ಫಲ ಕೊಡಲಿಲ್ಲ. ಸೆನ್ಸರಿ ಕೆಲಸ ಮಗುವನ್ನು ಬರೆಯುವ ಸ್ಥಿತಿಗೆ ತರುತ್ತದೆ, ಬರೆಯುವುದನ್ನು ಬರೆದೇ ಕಲಿಯಬೇಕು. ತಿಂಗಳುಗಟ್ಟಲೆ ಬರೀ ಚೆಂಡಿನ ಮೇಲೆ ಕುಣಿಸಿ ಫೀಸು ತೆಗೆದುಕೊಳ್ಳುವ ಕಡೆ ಪೋಷಕರು ಇದನ್ನು ಕೇಳಬೇಕು.

ಬರವಣಿಗೆಯ ಮೊದಲ ಮೇಲ್ಮೈ ತಟ್ಟೆ. ಅಕ್ಷರಾಭ್ಯಾಸದ ಅಕ್ಕಿ ಶಾಸ್ತ್ರಕ್ಕೆ ಸರಿ, ಅಭ್ಯಾಸಕ್ಕೆ ಅಲ್ಲ. ಕಾಳು ದಪ್ಪವಾಗಿ ಗೆರೆ ಮುಚ್ಚಿಹೋಗುತ್ತದೆ. ಕಪ್ಪು ತಟ್ಟೆಯಲ್ಲಿ 3–4 ಮಿ.ಮೀ. ಸಣ್ಣ ರವೆ ಹರಡಿದರೆ ಬೆರಳ ಗೆರೆ ಕಪ್ಪಾಗಿ ಎದ್ದು ಕಾಣುತ್ತದೆ. ಎರಡನೆಯದು ಸ್ಲೇಟು. ಬಳಪವನ್ನು 2–3 ಸೆಂ.ಮೀ. ತುಂಡು ಮಾಡಿ ಕೊಡುತ್ತೇನೆ. ಅಷ್ಟು ಗಿಡ್ಡದನ್ನು ಮುಷ್ಟಿಯಲ್ಲಿ ಹಿಡಿಯಲು ಬರುವುದಿಲ್ಲ, ಬೆರಳು ತಾವಾಗಿಯೇ ಜಾಗ ಹುಡುಕಿಕೊಳ್ಳುತ್ತವೆ. ಸ್ಲೇಟಿನ ಗರಗರ ಕೈಗೆ ದಿಕ್ಕು ಹೇಳುತ್ತದೆ. ದೊಡ್ಡವರು ಬರೆದ ಅಕ್ಷರವನ್ನು ಮಗು ಒದ್ದೆ ಸ್ಪಂಜಿನ ತುಂಡಿನಿಂದ ಅದೇ ಕ್ರಮದಲ್ಲಿ ಅಳಿಸಬೇಕು, ಒಣಗಿಸಬೇಕು, ಆಮೇಲೆ ತಾನು ಬರೆಯಬೇಕು. ಬಳಪ ತಿನ್ನುವ ಮಗುವಿಗೆ ಬೈಯುವುದಕ್ಕಿಂತ ರಕ್ತ ಪರೀಕ್ಷೆ ಮಾಡಿಸಿ, ಕಬ್ಬಿಣಾಂಶ ಕಡಿಮೆಯಿರುವ ಮಕ್ಕಳಲ್ಲಿ ಈ ಚಟ ಸಾಮಾನ್ಯ.

ಅಕ್ಷರಗಳ ಕ್ರಮದಲ್ಲಿ ನಾನು ವರ್ಣಮಾಲೆಯನ್ನು ಹಿಡಿಯುವುದಿಲ್ಲ. ಅ, ಆ, ಇ, ಈ ಹೇಳಲು ಸುಲಭ, ಬರೆಯಲು ಕಷ್ಟ. ನಮ್ಮ ಸರ್ಕಾರಿ ಪಠ್ಯದ ರ, ಗ, ಸ, ದ, ಅ ಕ್ರಮದಲ್ಲಿ ಅರ್ಥವಿದೆ. ನಾನು ಅದನ್ನು ಕೈಯ ಚಲನೆಗೆ ಇನ್ನಷ್ಟು ಹೊಂದಿಸಿ, ಒಂದರಿಂದ ಇನ್ನೊಂದು ಹುಟ್ಟುವ ಹಾಗೆ ಕೊಡುತ್ತೇನೆ: ರ, ಒಳಗೊಂದು ಚುಕ್ಕೆ ಇಟ್ಟರೆ ಠ, ದ, ಚುಕ್ಕೆ ಇಟ್ಟರೆ ಥ, ಹೊಟ್ಟೆ ಸೀಳಿದರೆ ಧ, ವ, ಅದರ ಬೆನ್ನಿಗೆ ಮ, ಪ, ಷ, ಫ. ಆದರೆ ಕೊಡುವ ಕ್ರಮ ಬೇರೆ, ಕೊಡುವ ಅಂತರ ಬೇರೆ. ಪ ಗಟ್ಟಿಯಾಗಿ ಕನಿಷ್ಠ ಒಂದು ವಾರವಾಗದೆ ಷ ತಂದರೆ ಎರಡೂ ಕಲಸಿಹೋಗುತ್ತವೆ. ಇಂಗ್ಲಿಷಿನ ಬಿ-ಡಿಯಂಥ ಕನ್ನಡಿ ಗೊಂದಲ ಕನ್ನಡದಲ್ಲಿ ಕಡಿಮೆ, ನಮ್ಮ ಗೊಂದಲವೆಲ್ಲ ಒಂದು ಸಣ್ಣ ಸೀಳು, ಒಂದು ಚುಕ್ಕೆಯದು. ಅದಕ್ಕೆ ಆ ವ್ಯತ್ಯಾಸದ ಗೆರೆಯನ್ನು ಮಾತ್ರ ಮೊದಲ ಹತ್ತು ಸಲ ಕೆಂಪು ಬಣ್ಣದಲ್ಲಿ ಬರೆಸುತ್ತೇನೆ.

ಗುಣಿತಾಕ್ಷರದಲ್ಲಿ ಎಲ್ಲ ಮನೆಯಲ್ಲೂ ಕಾಣುವ ತಪ್ಪು ಒಂದಿದೆ. ಗ ಬರೆದು ತಲೆಕಟ್ಟು ಹಾಕಿ, ಆಮೇಲೆ ಅದರ ಮೇಲೆ ಗುಡಿಸು ಏರಿಸುವುದು. ‘ಗಿ’ಯಲ್ಲಿ ತಲೆಕಟ್ಟು ಉಳಿಯುವುದಿಲ್ಲ, ಆ ಜಾಗವನ್ನು ಗುಡಿಸು ತೆಗೆದುಕೊಳ್ಳುತ್ತದೆ. ಮಗುವಿಗೆ ಇದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ತಲೆಕಟ್ಟನ್ನು ಬೇರೆ ತುಂಡು ಕಾಗದದಲ್ಲಿ ಮಾಡಿ, ತೆಗೆದು, ಗುಡಿಸಿನ ತುಂಡು ಇಟ್ಟು ತೋರಿಸಿದರೆ ಹತ್ತು ನಿಮಿಷದಲ್ಲಿ ಹೊಳೆಯುತ್ತದೆ. ತಲೆಕಟ್ಟೇ ಇಲ್ಲದ ಬ, ಲ, ಜ, ಣ, ಖಗಳನ್ನು ಬೇರೆ ಹಾಳೆಯಲ್ಲಿ ಕಲಿಸಿ.

ಒತ್ತಕ್ಷರಕ್ಕೆ ಅಂಗಡಿಯ ಕಾಪಿ ಪುಸ್ತಕ ಸಾಲುವುದಿಲ್ಲ. ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ, ಮಗು ಹೆದರಿ ಒತ್ತನ್ನು ಪಕ್ಕಕ್ಕೆ ತಳ್ಳುತ್ತದೆ. ನಾನೇ ಗೆರೆ ಹಾಕುತ್ತೇನೆ: ನಡುವಿನ ಅಂತಸ್ತು 10 ಮಿ.ಮೀ., ಮೇಲಿನದು 5, ಕೆಳಗಿನದು 8, ಸಾಲುಗಳ ನಡುವೆ ಖಾಲಿ 4. ಎ4 ಹಾಳೆಗೆ ಹತ್ತು ಸಾಲು ಬರುತ್ತದೆ. ನಡುವಿನ ಅಂತಸ್ತಿಗೆ ತೆಳು ಹಳದಿ ಬಳಿದರೆ ವಿವರಣೆಯೇ ಬೇಕಿಲ್ಲ. ಒತ್ತು ಮೂಲಾಕ್ಷರದ ಅರ್ಧ ಗಾತ್ರ, ಕೆಳಗೆ, ತುಸು ಬಲಕ್ಕೆ. ಎರಡು ಒತ್ತಿನ ‘ಷ್ಟ್ರ’ ಕೊನೆಗಿರಲಿ. ಹತ್ತರಲ್ಲಿ ಎಂಟು ಸಲ ಒತ್ತು ಅದರ ಅಂತಸ್ತಿನಲ್ಲೇ ನಿಂತರೆ ನಡುವಿನದನ್ನು 7 ಮಿ.ಮೀ.ಗೆ ಇಳಿಸಿ. ಹಳದಿ ಬಣ್ಣ ತೆಗೆಯುವುದನ್ನೂ ಗಾತ್ರ ಇಳಿಸುವುದನ್ನೂ ಒಂದೇ ವಾರ ಮಾಡಬೇಡಿ.

ಒಂದೇ ಅಕ್ಷರ ಪುಟಪೂರ್ತಿ ಬರೆಸುವ ಹಳೇ ರೂಢಿ ಬಿಡಲೇಬೇಕು. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಮಗು ಮಾದರಿಯನ್ನು ನೋಡುತ್ತಿರುವುದಿಲ್ಲ, ತನ್ನದೇ ಹಿಂದಿನ ತಪ್ಪನ್ನು ನಕಲು ಮಾಡುತ್ತಿರುತ್ತದೆ. ಪ್ರತಿ ಸಾಲಿನ ಎಡಕ್ಕೆ ಹೊಸ ಮಾದರಿ, ಬಲಕ್ಕೆ ಮೂರು ಸಲ ಬರವಣಿಗೆ, ಅದರಲ್ಲಿ ಚೆಂದದ್ದಕ್ಕೆ ಮಗುವೇ ಸುತ್ತು ಹಾಕಬೇಕು. ಒಟ್ಟು 15 ನಿಮಿಷ, ವಾರಕ್ಕೆ ಐದು ದಿನ.

ಹಿಡಿತದ ಬಗ್ಗೆ ಪೋಷಕರಿಗಿರುವಷ್ಟು ಆತಂಕ ನನಗಿಲ್ಲ. ಮೂರು ಬೆರಳ ಹಿಡಿತವೊಂದೇ ಸರಿಯಲ್ಲ, ನಾಲ್ಕು ಬೆರಳಿನದೂ, ಹೆಬ್ಬೆರಳು ಅಡ್ಡ ಬರುವುದೂ ಬಹಳ ಜನರಿಗೆ ಚೆನ್ನಾಗಿಯೇ ನಡೆಯುತ್ತದೆ. ನೋವು, ಸುಸ್ತು ಇದ್ದರೆ ಮಾತ್ರ ಕೈ ಹಾಕುತ್ತೇನೆ, ಅದೂ ಏಳು ವರ್ಷದೊಳಗೆ. ಒತ್ತಿ ಬರೆಯುವವರಿಗೆ ಕಾಗದದ ಕೆಳಗೆ ಮೆತ್ತನೆ ಫೋಮ್ ಹಾಳೆ, ಹೆಚ್ಚು ಒತ್ತಿದರೆ ತೂತು ಬಿದ್ದು ತಾನೇ ಹೇಳುತ್ತದೆ. ತೇಲಿಸಿ ಬರೆಯುವವರಿಗೆ ಕೆಳಗೆ ಉಪ್ಪುಕಾಗದ, ಕೈಗೆ ಮೆದು ಮೊನೆಯ 2ಬಿ ಪೆನ್ಸಿಲ್. ಎಡಗೈ ಮಕ್ಕಳನ್ನು ಬಲಗೈಗೆ ತಿರುಗಿಸುವ ಮಾತೇ ಬೇಡ. ಕಾಗದವನ್ನು ಬಲಕ್ಕೆ 30–45 ಡಿಗ್ರಿ ವಾಲಿಸಿ. ತಲೆಕಟ್ಟನ್ನು ಅವರು ಎಳೆಯುವ ಬದಲು ದೂಡಬೇಕಾಗುವುದರಿಂದ ಮೊನೆ ಕಾಗದಕ್ಕೆ ಸಿಕ್ಕುತ್ತದೆ, ಅವರಿಗೂ 2ಬಿಯೇ ಸರಿ.

ಮನೆಪಾಠದ್ದೇ ಆದ ತೊಡಕೆಂದರೆ ಅಮ್ಮನೇ ಟೀಚರ್ ಆಗಿರುವುದು. ತಿದ್ದುವ ಕೈಯೂ ಊಟ ಹಾಕುವ ಕೈಯೂ ಒಂದೇ ಆದಾಗ ಬರವಣಿಗೆ ಹಟಕ್ಕೆ ತಿರುಗುತ್ತದೆ. ಗಡಿಯಾರದ ಟೈಮರ್ ಸಮಯ ಮುಗಿಸಲಿ, ಹಾಳೆ ನಾನು ಕೊಟ್ಟದ್ದಾಗಿರಲಿ, ತಿದ್ದುವುದು ಒಂದು ದಿನಕ್ಕೆ ಒಂದೇ ಅಂಶವನ್ನು. ಏಳೆಂಟು ವರ್ಷದವರೆಗೆ ಬರೆಸದೆ ಬಿಡುವ ಕುಟುಂಬಗಳೂ ಇವೆ. ಕೈಕೆಲಸ, ಆಟ ನಡೆಯುತ್ತಿದ್ದರೆ ನನ್ನ ತಕರಾರಿಲ್ಲ. ಆದರೆ ಮುಂದೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಹತ್ತನೇ ತರಗತಿಗೆ ಕೂರಿಸುವ ಯೋಚನೆಯಿದ್ದರೆ ಗಂಟೆಗಟ್ಟಲೆ ಬರೆಯುವ ತ್ರಾಣ ಒಂದು ವರ್ಷದಲ್ಲಿ ಬರುವುದಿಲ್ಲ.

ಅಳೆಯಲು ತಿಂಗಳಿಗೊಮ್ಮೆ ಒಂದೇ ವಾಕ್ಯ: ‘ಅಮ್ಮ ಬೆಳಿಗ್ಗೆ ರೊಟ್ಟಿ ತಟ್ಟಿದಳು.’ 11 ಅಕ್ಷರ, ನಾಲ್ಕು ಒತ್ತು, ಮೂರು ಗುಡಿಸು. ಹಿಡಿದ ಸಮಯ, ಅಂತಸ್ತು ತಪ್ಪಿದ ಒತ್ತು, ಓದಲಾಗದ ಅಕ್ಷರ ಮೂರನ್ನೂ ಗುರುತು ಹಾಕಿ ದಿನಾಂಕ ಬರೆದಿಡಿ. ಇಂಗ್ಲಿಷ್ ಅಕ್ಷರಗಳ ವೇಗದ ಪಟ್ಟಿಗೆ ಹೋಲಿಸಬೇಡಿ, ‘ಟ್ಟಿ’ ಅನ್ನುವ ಒಂದು ಅಕ್ಷರದಲ್ಲಿ ಅವರ ಮೂರರ ಕೆಲಸವಿದೆ. ಇಪ್ಪತ್ತು ಅವಧಿಯ ನಂತರವೂ ಮೂರರಲ್ಲಿ ಒಂದೂ ಕದಲದಿದ್ದರೆ ಕಲಿಕಾ ತೊಡಕಿನ ಪರೀಕ್ಷೆಗೆ ಕಳಿಸುತ್ತೇನೆ. ಬರುತ್ತಿದ್ದ ಅಕ್ಷರ ಹಾಳಾಗುತ್ತಾ ಹೋದರೆ, ಕೈ ನಡುಗತೊಡಗಿದರೆ ಇಪ್ಪತ್ತರವರೆಗೆ ಕಾಯುವುದಿಲ್ಲ, ಅದೇ ವಾರ ನರರೋಗ ವೈದ್ಯರ ಹತ್ತಿರ.

ಚೆನ್ನಾಗಿ ಸಾಗಿದ ಮಕ್ಕಳಿಗೆ ಕೊನೆಯ ಹಾಳೆ ಗೆರೆಯಿಲ್ಲದ್ದು. ಮನೆಯವರು ಅಡುಗೆ ಮಾಡುತ್ತಾ ಕೂಗಿ ಹೇಳಬೇಕು, ಮಗು ಕಿರಾಣಿ ಚೀಟಿ ಬರೆಯಬೇಕು: ಬೆಲ್ಲ, ಅಕ್ಕಿ, ಕೊತ್ತಂಬರಿ, ಉಪ್ಪಿಟ್ಟಿನ ರವೆ. ಅಂಗಡಿಯವರು ಕೇಳದೆ ಸಾಮಾನು ಕಟ್ಟಿಕೊಟ್ಟರೆ ನನ್ನ ಭೇಟಿಯನ್ನು ಮೂರು ತಿಂಗಳಿಗೊಮ್ಮೆಗೆ ಇಳಿಸುತ್ತೇನೆ.