ಕಣ್ಮರೆಯಾದ ಹಸ್ತಪ್ರತಿಯ ಮರುವಿಚಾರಣೆ: ಶಪೀರಾ ಚರ್ಮಪಟ್ಟಿಗಳನ್ನು ಪರಿಶೀಲಿಸುವ ಕ್ರಮ

ವಿವಾದಕ್ಕೊಳಗಾದ ಬೈಬಲ್ ಹಸ್ತಪ್ರತಿಯನ್ನು ಮತ್ತೆ ವಿಚಾರಣೆಗೆ ಎತ್ತಿಕೊಳ್ಳುವವರು, ತಮ್ಮ ಮುಂದಿರುವುದು ವಸ್ತುವೋ ಅಥವಾ ಅದನ್ನು ಕಂಡವರು ಬರೆದಿಟ್ಟ ದಾಖಲೆಯೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಜೆರುಸಲೇಮಿನ ಪ್ರಾಚೀನವಸ್ತು ವ್ಯಾಪಾರಿ ಮೋಸೆಸ್ ವಿಲ್ಹೆಲ್ಮ್ ಶಪೀರಾ 1883ರಲ್ಲಿ ಲಂಡನ್ನಿಗೆ ತಂದ ಚರ್ಮಪಟ್ಟಿಗಳ ವಿಷಯದಲ್ಲಿ ದಾಖಲೆಯಷ್ಟೇ ಉಳಿದಿದೆ. ಬೈಬಲಿನ ಹಳೆಯ ಒಡಂಬಡಿಕೆಯ ಒಂದು ಪುಸ್ತಕವಾದ ಧರ್ಮೋಪದೇಶಕಾಂಡದ ಭಿನ್ನ ಪಾಠವನ್ನು ಪ್ರಾಚೀನ ಹೀಬ್ರೂ ಲಿಪಿಯಲ್ಲಿ ಹೊತ್ತಿದ್ದ ಆ ಪಟ್ಟಿಗಳಿಗೆ ಹತ್ತು ಲಕ್ಷ ಪೌಂಡ್ ಬೆಲೆ ಹೇಳಲಾಗಿತ್ತು. ಅವು ನಕಲಿಯೆಂದು ವಿದ್ವಾಂಸರು ತೀರ್ಪು ಕೊಟ್ಟ ಬಳಿಕ, 1885ರ ಹರಾಜಿನಲ್ಲಿ ಹತ್ತು ಪೌಂಡ್ ಚಿಲ್ಲರೆಗೆ ಮಾರಾಟವಾಗಿ, ಮುಂದೆ ಅವು ಕಾಣೆಯಾದವು.

ಆದ್ದರಿಂದ ಯಾರು, ಯಾವಾಗ, ಎಷ್ಟು ಪಟ್ಟಿಗಳನ್ನು, ಎಷ್ಟು ಹತ್ತಿರದಿಂದ ನೋಡಿದರು ಎಂದು ಗುರುತು ಹಾಕಿಕೊಳ್ಳಿ. ಬ್ರಿಟಿಷ್ ಮ್ಯೂಸಿಯಮ್ಮಿನ ಪರವಾಗಿ ಪರೀಕ್ಷಿಸಿದ ಹೀಬ್ರೂ ವಿದ್ವಾಂಸ ಗಿನ್ಸ್‌ಬರ್ಗ್ ಅವರು ಪಟ್ಟಿಗಳನ್ನು ಕೈಯಲ್ಲಿ ಹಿಡಿದು ವಾರಗಟ್ಟಲೆ ಓದಿ ಲಿಪ್ಯಂತರ ಪ್ರಕಟಿಸಿದರು. ಫ್ರೆಂಚ್ ವಿದ್ವಾಂಸ ಕ್ಲೆರ್ಮೋ-ಗಾನೊ ಅವರಿಗಾದರೋ ಪರಿಶೀಲನೆಗೆ ಶಪೀರಾ ಅನುಮತಿ ಕೊಡದ ಕಾರಣ, ಮುಖ್ಯವಾಗಿ ಪ್ರದರ್ಶನದ ಗಾಜಿನ ಪೆಟ್ಟಿಗೆಯೊಳಗಿದ್ದ ಕೆಲವನ್ನು ನೋಡಲಷ್ಟೇ ಸಾಧ್ಯವಾಯಿತು. ಇಬ್ಬರ ಮಾತಿಗೂ ಒಂದೇ ತೂಕ ಕೊಡಲಾಗದು, ಆದರೂ ಗಾಜಿನ ಹೊರಗೆ ನಿಂತವರ ಕಣ್ಣು ಚುರುಕಾಗಿರಬಹುದೆಂಬುದನ್ನೂ ಮರೆಯಬಾರದು.

ಬಳಿಕ ಹಳೆಯ ತೀರ್ಪಿನ ವಾದಗಳನ್ನು ಒಂದೊಂದಾಗಿ ಬಿಡಿಸಿ. ಪ್ಯಾಲೆಸ್ಟೈನಿನ ಹವೆಯಲ್ಲಿ ಚರ್ಮ ಎರಡು ಸಾವಿರ ವರ್ಷ ಉಳಿಯಲಾರದೆಂಬ ವಾದ 1947ರಲ್ಲಿ ಅಷ್ಟು ಹಳೆಯ ಚರ್ಮದ ಹಸ್ತಪ್ರತಿಗಳಾದ ಮೃತ ಸಮುದ್ರದ ಸುರುಳಿಗಳು ದೊರೆತಾಗ ಕುಸಿಯಿತು. ಇದರಿಂದ ಶಪೀರಾ ಪಟ್ಟಿಗಳು ಅಸಲಿಯಾಗಿಬಿಡಲಿಲ್ಲ, ಅಸಾಧ್ಯವೆಂಬ ಮಾತಷ್ಟೇ ಬಿತ್ತು. ಸಿನಗಾಗಿನ (ಯಹೂದಿ ಪ್ರಾರ್ಥನಾಮಂದಿರದ) ಹಳೆಯ ಸುರುಳಿಯ ಅಂಚಿನಿಂದ ಪಟ್ಟಿ ಕತ್ತರಿಸಲಾಗಿದೆ ಎಂಬ ಕ್ಲೆರ್ಮೋ-ಗಾನೊ ಅವರ ವಾದ ಬೇರೆ ಬಗೆಯದು. ಶಪೀರಾ ಯೆಮನ್ನಿನಿಂದ ಹೀಬ್ರೂ ಹಸ್ತಪ್ರತಿಗಳನ್ನು ತಂದು ಮಾರುತ್ತಿದ್ದುದರಿಂದ ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಲಿಪಿಯ ಹೋಲಿಕೆಯೂ ಇಬ್ಬಾಯಿಯ ಕತ್ತಿ: 1868ರಲ್ಲಿ ಬೆಳಕಿಗೆ ಬಂದ, ಅದೇ ಬಗೆಯ ಲಿಪಿಯ ಮೇಷ ಶಾಸನವನ್ನು (ಪ್ರಾಚೀನ ಮೋವಾಬ್ ರಾಜ್ಯದ ಅರಸನ ಕಲ್ಲಿನ ಬರಹವನ್ನು) ನೋಡಿ ಕೂತು ಕಲಿಯಲು ಖೋಟಾ ತಯಾರಕನಿಗೂ ಅವಕಾಶವಿತ್ತು.

ವ್ಯಕ್ತಿಯ ಹೆಸರನ್ನು ಪುರಾವೆಯ ಜಾಗದಲ್ಲಿ ಕೂರಿಸಬೇಡಿ. ಬರ್ಲಿನ್ನಿಗೆ ಮಾರಿದ ಮೋವಾಬಿನ ಮಣ್ಣಿನ ಪ್ರತಿಮೆಗಳು ನಕಲಿಯೆಂದು ಬಯಲಾದ ಕಳಂಕ ಶಪೀರಾರ ಮೇಲಿತ್ತು. 1884ರಲ್ಲಿ ರಾಟರ್‌ಡ್ಯಾಮಿನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡದ್ದು ಅಪರಾಧಪ್ರಜ್ಞೆಯ ಗುರುತೆಂದೂ, ಅನ್ಯಾಯದ ಗುರುತೆಂದೂ ಓದಿಕೊಳ್ಳಲು ಬರುತ್ತದೆ, ಹಾಗಾಗಿ ಎರಡಕ್ಕೂ ಸಾಕ್ಷಿಯಾಗದು.

2021ರಲ್ಲಿ ಬೈಬಲ್ ವಿದ್ವಾಂಸ ಇದಾನ್ ಡರ್ಶೊವಿಟ್ಸ್ ಅವರು ಬರ್ಲಿನ್ನಿನಲ್ಲಿ ದೊರೆತ, ಪ್ರಶ್ನಾರ್ಥಕ ಚಿಹ್ನೆಗಳಿಂದ ಕೂಡಿದ ಶಪೀರಾರ ಕೈಬರಹದ ಟಿಪ್ಪಣಿಗಳನ್ನು ಮುಂದಿಟ್ಟು, ತಾನೇ ಬರೆದ ಪಾಠವನ್ನು ಓದಲು ಯಾರೂ ತಿಣುಕುವುದಿಲ್ಲವೆಂದು ವಾದಿಸಿದರು. ನನ್ನ ಮಟ್ಟಿಗೆ ಇದು ಶಪೀರಾ ಸ್ವತಃ ಖೋಟಾಗಾರರಲ್ಲ ಎಂಬುದನ್ನು ಬಲಪಡಿಸುತ್ತದೆ. ಪಟ್ಟಿಗಳು ಪ್ರಾಚೀನವೆಂಬುದನ್ನಲ್ಲ, ಏಕೆಂದರೆ ಅವರೇ ಮೋಸಹೋಗಿರಬಹುದು. ಪ್ರಾಚೀನ ಲಿಪಿಗಳ ತಜ್ಞ ಕ್ರಿಸ್ಟೊಫರ್ ರೋಲ್‌ಸ್ಟನ್ ಮುಂತಾದವರು ಪಟ್ಟಿಗಳನ್ನು ಈಗಲೂ ನಕಲಿಯೆಂದೇ ಪರಿಗಣಿಸುತ್ತಾರೆ. ಭಾಷೆಯನ್ನು ಪರೀಕ್ಷಿಸುವಾಗ ಪಾಠದ ವಿಚಿತ್ರ ರೂಪಗಳು ಪ್ರಾಚೀನತೆಯಿಂದ ಬಂದವೋ, ಬೈಬಲ್ಲನ್ನು ಓದಿ ಅನುಕರಿಸಿದವರಿಂದ ಬಂದವೋ, ಅಥವಾ ಲಿಪ್ಯಂತರದ ತಪ್ಪುಗಳೋ ಎಂಬ ಮೂರೂ ಸಾಧ್ಯತೆಗಳನ್ನು ಎದುರಿಗಿಟ್ಟುಕೊಳ್ಳಿ.

ಎಂದಾದರೂ ಒಂದು ಪಟ್ಟಿ ಸಿಕ್ಕಿದರೆ, ಕಾರ್ಬನ್ ಪರೀಕ್ಷೆ ಚರ್ಮದ ವಯಸ್ಸನ್ನಷ್ಟೇ ಹೇಳುತ್ತದೆ. ವಾಷಿಂಗ್ಟನ್ನಿನ ಬೈಬಲ್ ಮ್ಯೂಸಿಯಮ್ಮಿನಲ್ಲಿದ್ದ ಮೃತ ಸಮುದ್ರದ ಸುರುಳಿಗಳದ್ದೆನ್ನಲಾದ 16 ತುಣುಕುಗಳು ನಕಲಿಯೆಂದು 2020ರಲ್ಲಿ ತಿಳಿದದ್ದು, ಹಳೆಯ ಚರ್ಮದ ಬಿರುಕುಗಳೊಳಗೆ ಶಾಯಿ ಹರಿದು ನಿಂತಿದ್ದುದನ್ನು ಸೂಕ್ಷ್ಮದರ್ಶಕ ತೋರಿಸಿದಾಗ. ಮೊದಲು ನೋಡಬೇಕಾದ್ದು ಅಲ್ಲಿಯೇ: ಅಕ್ಷರ ಬರೆದದ್ದು ಬಿರುಕು ಮೂಡುವ ಮೊದಲೋ, ನಂತರವೋ.