ರಾತ್ರಿಯಾಟಕ್ಕೆ ಕ್ಯಾಮೆರಾ: ಕೊಳ್ಳುವ ಮೊದಲು ಪರೀಕ್ಷಿಸುವುದು ಹೇಗೆ?

ನಾಲ್ಕೈದು ಲಕ್ಷ ರೂಪಾಯಿಯ ಕ್ಯಾಮೆರಾವನ್ನು ಜನ ಅಂಗಡಿಯಲ್ಲಿ ಪರೀಕ್ಷಿಸುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು, 25600ಕ್ಕೆ ಏರಿಸುತ್ತಾರೆ, ಎದುರಿನ ಕಪಾಟಿನಲ್ಲಿರುವ ಡಬ್ಬಿಗಳ ಚಿತ್ರ ತೆಗೆಯುತ್ತಾರೆ, ಹಿಂಬದಿಯ ಪರದೆಯಲ್ಲಿ ದೊಡ್ಡದು ಮಾಡಿ ನೋಡಿ ‘ನಾಯ್ಸ್ (ಕಾಳುಕಾಳಾದ ಚುಕ್ಕೆ) ಇಲ್ಲವೇ ಇಲ್ಲ’ ಎಂದು ಬಿಲ್ ಮಾಡಿಸುತ್ತಾರೆ. ಅದೇ ಕ್ಯಾಮೆರಾ ಹಿಡಿದು ಯಕ್ಷಗಾನ ಬಯಲಾಟದ ರಂಗಸ್ಥಳದ ಎದುರು ನಿಂತಾಗ ಅಭಿಮನ್ಯು ಧಿಗಿಣ (ಗಿರಕಿ ಹೊಡೆಯುತ್ತ ಹಾರುವ ಕುಣಿತ) ಹಾರುತ್ತಿರುತ್ತಾನೆ, ಫೋಕಸ್ ಮಾತ್ರ ಹಿಂದೆ ಕುಳಿತು ಹಾಡುವ ಭಾಗವತರ ಮುಂಡಾಸಿನ ಮೇಲಿರುತ್ತದೆ. ಅಲುಗದ ಡಬ್ಬಿಯ ಮೇಲೆ ಮಾಡಿದ ಪರೀಕ್ಷೆ ಕುಣಿಯುವ ವೇಷದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮಬ್ಬು ಬೆಳಕಿನಲ್ಲಿ ವೇಗದ ಚಲನೆಯನ್ನು ಹಿಡಿಯಬೇಕಾದ ಯಾರಿಗೇ ಆಗಲಿ, ಈ ಕ್ರಮ ಉಪಯೋಗಕ್ಕೆ ಬರುತ್ತದೆ. ಯಕ್ಷಗಾನವನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಹೊನಲು ಬೆಳಕಿನ ಕಂಬಳಕ್ಕೂ ರಾತ್ರಿಯ ಕಬಡ್ಡಿ ಪಂದ್ಯಕ್ಕೂ ಇದೇ ದಾರಿ.

ಬಾಡಿಗೆಗೆ ತನ್ನಿ

ಕ್ಯಾಮೆರಾವನ್ನು ಒಂದು ರಾತ್ರಿಯ ಮಟ್ಟಿಗೆ ಬಾಡಿಗೆಗೆ ತನ್ನಿ. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಸಿಗುತ್ತದೆ. ಜೊತೆಗೆ 70-200 ಎಂಎಂ ಎಫ್/2.8 ಲೆನ್ಸನ್ನೇ ತನ್ನಿ, ಅದೂ ಕ್ಯಾಮೆರಾದ ಕಂಪನಿಯದೇ ಆಗಿರಲಿ. ಹಳೆಯ ಲೆನ್ಸನ್ನು ಅಗ್ಗದ ಅಡಾಪ್ಟರ್ ಹಾಕಿ ಸಿಕ್ಕಿಸಿದರೆ ಅಡಾಪ್ಟರಿನ ದೋಷ ಕ್ಯಾಮೆರಾದ ಲೆಕ್ಕಕ್ಕೆ ಹೋಗುತ್ತದೆ. ಲೆನ್ಸಿನ ಮೇಲೆ ಕಡಿಮೆ ಬೆಲೆಯ ಯುವಿ ಫಿಲ್ಟರ್ ಇದ್ದರೆ ಬಿಚ್ಚಿ ಚೀಲಕ್ಕೆ ಹಾಕಿ. ರಂಗದ ದೀಪಗಳು ಅದರಲ್ಲಿ ಪ್ರತಿಫಲಿಸಿ ಚಿತ್ರದ ತುಂಬ ಹಸಿರು ಚುಕ್ಕೆಗಳು ಮೂಡುತ್ತವೆ.

ನಿಮ್ಮ ಹಳೆಯ ಕ್ಯಾಮೆರಾವನ್ನೂ ಕಡ್ಡಾಯವಾಗಿ ಒಯ್ಯಿರಿ. ಒಂದೇ ಆಟ, ಒಂದೇ ಬೆಳಕು, ಒಂದೇ ಜಾಗ: ಹಾಗೆ ಹೋಲಿಸಿದರೆ ಮಾತ್ರ ಹೊಸದಕ್ಕೆ ಕೊಡುವ ಹಣಕ್ಕೆ ಏನು ಸಿಗುತ್ತದೆಂದು ಗೊತ್ತಾಗುತ್ತದೆ. ಮೇಳದವರ ಅನುಮತಿ ಮೊದಲೇ ಪಡೆಯಿರಿ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆ) ಕಳೆದು ಮೇಳಗಳು ತಿರುಗಾಟ ಮುಗಿಸಿದ ಮೇಲಾದರೆ ದೀಪದ ಕೆಳಗಿನ ಶಟಲ್ ಅಂಗಣವೂ ಆಗಬಹುದು.

ನಾಯ್ಸ್: ಹತ್ತು ನಿಮಿಷ ಸಾಕು

ಆಟ ಶುರುವಾಗುವ ಮೊದಲು, ಯಾರೂ ಅಲುಗದಿರುವಾಗ ಐಎಸ್‌ಒ 3200, 6400, 12800, 25600ರಲ್ಲಿ ಒಂದೊಂದು ರಾ (ಕ್ಯಾಮೆರಾ ತಿದ್ದದ ಮೂಲ) ಚಿತ್ರ ತೆಗೆದುಕೊಳ್ಳಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಎರಡೂ ಕ್ಯಾಮೆರಾಗಳ ಚಿತ್ರಗಳನ್ನು ಒಂದೇ ಅಳತೆಗೆ ಇಳಿಸಿ ಹೋಲಿಸಿ. 45 ಮೆಗಾಪಿಕ್ಸೆಲ್ ಚಿತ್ರವನ್ನೂ 24 ಮೆಗಾಪಿಕ್ಸೆಲ್ ಚಿತ್ರವನ್ನೂ ಪೂರ್ತಿ ಹಿಗ್ಗಿಸಿ ಪಕ್ಕಪಕ್ಕ ಇಟ್ಟರೆ ದೊಡ್ಡದಕ್ಕೆ ಅನ್ಯಾಯವಾಗುತ್ತದೆ. ಕಪ್ಪು ಭಾಗಗಳಲ್ಲಿ ನೇರಳೆ ಛಾಯೆಯೋ ಅಡ್ಡಗೆರೆಯೋ ಕಂಡರೆ ಗುರುತು ಹಾಕಿಕೊಳ್ಳಿ. ಕಾಳು ಕಾಳಾಗಿ ಕಾಣುವ ನಾಯ್ಸನ್ನು ತಂತ್ರಾಂಶ ತೊಡೆದು ಹಾಕುತ್ತದೆ, ಗೆರೆಗಳು ಹೋಗುವುದಿಲ್ಲ.

ಇದಕ್ಕಿಂತ ಹೆಚ್ಚು ಸಮಯ ಕೊಡಬೇಡಿ. 2007ರಲ್ಲಿ ನಿಕಾನ್ ಡಿ3 ಬಂದು ಐಎಸ್‌ಒ 6400ರಲ್ಲಿ ಪತ್ರಿಕೆಗೆ ಒಪ್ಪುವ ಚಿತ್ರ ಕೊಟ್ಟಾಗ ಈ ಚಿಂತೆ ಅರ್ಧ ಮುಗಿದಿತ್ತು. ಇಂದಿನ ಪೂರ್ಣ ಫ್ರೇಮಿನ ಕ್ಯಾಮೆರಾಗಳ ನಡುವೆ ಈ ವಿಷಯದಲ್ಲಿ ಇರುವ ಅಂತರ ಮುದ್ರಣದಲ್ಲಿ ಕಾಣದಷ್ಟು ಸಣ್ಣದು. ಸ್ವಲ್ಪ ನಾಯ್ಸ್ ಇರುವ, ಕಣ್ಣು ಹರಿತವಾಗಿರುವ ಚಿತ್ರವನ್ನು ಸಂಪಾದಕರು ಅಚ್ಚು ಮಾಡುತ್ತಾರೆ. ನುಣ್ಣಗಿದ್ದು ಫೋಕಸ್ ತಪ್ಪಿದ ಚಿತ್ರವನ್ನು ಮಾಡುವುದಿಲ್ಲ.

ಫೋಕಸ್: ರಾತ್ರಿಯೆಲ್ಲ ಇದಕ್ಕೇ

ಮೊದಲು ಕ್ಯಾಟಲಾಗಿನ ಒಂದು ಅಂಕಿಯನ್ನು ಮನಸ್ಸಿನಿಂದ ತೆಗೆದುಹಾಕಿ. ‘ಮೈನಸ್ 7.5 ಇವಿಯಲ್ಲೂ ಫೋಕಸ್ ಮಾಡುತ್ತದೆ’ ಎಂದು ಬರೆದಿರುತ್ತಾರೆ. ಇವಿ ಎಂದರೆ ಬೆಳಕಿನ ಮಟ್ಟದ ಅಳತೆ, ಅಂಕಿ ಇಳಿದಷ್ಟೂ ಕತ್ತಲೆ. ಹುಣ್ಣಿಮೆಯ ಬೆಳದಿಂಗಳು ಬಿದ್ದ ಬಯಲೇ ಸುಮಾರು ಮೈನಸ್ 2ರಿಂದ 3ರಷ್ಟಿರುತ್ತದೆ. ಕ್ಯಾನನ್ ಆರ್3ರ ಮೈನಸ್ 7.5 ಎಂಬ ಅಂಕಿಯನ್ನು ಎಫ್/1.2 ಲೆನ್ಸ್ ಹಾಕಿ ಅಳೆದದ್ದು. ನಿಮ್ಮ ಕೈಯಲ್ಲಿರುವುದು ಎಫ್/2.8, ಅದು ಒಳಬಿಡುವ ಬೆಳಕು ತೀರ ಕಡಿಮೆ. ಇನ್ನು ರಂಗಸ್ಥಳದ ಬೆಳಕು ಅಷ್ಟು ಕಡಿಮೆಯೂ ಇರುವುದಿಲ್ಲ. ಎಫ್/2.8, 1/500 ಸೆಕೆಂಡ್, ಐಎಸ್‌ಒ 6400ರಲ್ಲಿ ಚಿತ್ರ ಸರಿಯಾಗಿ ಬಂದರೆ ಆ ಬೆಳಕು ಪ್ಲಸ್ 6 ಇವಿ. ಕತ್ತಲಲ್ಲಿ ಸ್ಥಿರವಾಗಿ ನಿಂತ ವಸ್ತುವಿನ ಮೇಲೆ ಫೋಕಸ್ ಮಾಡುವುದು ನಮ್ಮ ಸಮಸ್ಯೆಯೇ ಅಲ್ಲ. ಹಿಂದಿನಿಂದ ದೀಪ ಕಣ್ಣಿಗೆ ಹೊಡೆಯುತ್ತಿರುವಾಗ, ಕಿರೀಟದ ನೆರಳು ಮುಖದ ಮೇಲೆ ಬಿದ್ದಿರುವಾಗ, ಸೆಕೆಂಡಿಗೆ ಎರಡು ಹೆಜ್ಜೆ ಮುಂದೆ ನುಗ್ಗುವ ವೇಷದ ಕಣ್ಣನ್ನು ಬಿಡದೆ ಹಿಡಿದಿರಬೇಕು. ಈ ಗುಣಕ್ಕೆ ಕ್ಯಾಟಲಾಗಿನಲ್ಲಿ ಅಂಕಿಯೇ ಇಲ್ಲ, ನೀವೇ ಎಣಿಸಬೇಕು.

ಸಭೆಯ ಮುಂದಿನ ಸಾಲಿನ ಪಕ್ಕದಲ್ಲಿ, ಯಾರಿಗೂ ಅಡ್ಡವಾಗದಂತೆ ಕುಳಿತುಕೊಳ್ಳಿ. ಮ್ಯಾನುಯಲ್‌ನಲ್ಲಿ 1/800, ಎಫ್/2.8, ಐಎಸ್‌ಒ 8000 ಅಥವಾ ಬೆಳಕಿಗೆ ತಕ್ಕಷ್ಟು. ನಿರಂತರ ಫೋಕಸ್ ಇರಲಿ, ಸೆಕೆಂಡಿಗೆ ಹತ್ತು ಹನ್ನೆರಡು ಚಿತ್ರಗಳ ವೇಗ ಇರಲಿ. ಫೋಕಸ್‌ಗೆ ಸಹಾಯ ಮಾಡುವ ಪುಟ್ಟ ದೀಪವನ್ನು ಆರಿಸಿ. ಕುಣಿಯುತ್ತಿರುವ ಕಲಾವಿದರ ಕಣ್ಣಿಗೆ ಅದು ಹೊಡೆಯಬಾರದು. ಫ್ಲ್ಯಾಶಿನ ಮಾತೇ ಬೇಡ.

ಈಗ ನಾಲ್ಕು ಸಂದರ್ಭಗಳನ್ನು ಬೇರೆ ಬೇರೆಯಾಗಿ ಹಿಡಿಯಿರಿ. ಪ್ರತಿಯೊಂದಕ್ಕೂ ಐದಾರು ಬಾರಿ ಗುಂಡಿ ಒತ್ತಿ ಹಿಡಿದು ಚಿತ್ರಗಳ ಸಾಲು ತೆಗೆಯಿರಿ.

ಒಂದನೆಯದು, ಪುಂಡುವೇಷ (ಚುರುಕಾದ ತರುಣ ಪಾತ್ರ) ಪರದೆಯಿಂದ ನೇರವಾಗಿ ನಿಮ್ಮತ್ತ ನುಗ್ಗಿ ಬರುವ ಪ್ರವೇಶ. ಹತ್ತಿರ ಬಂದಷ್ಟೂ ಫೋಕಸ್ ವೇಗವಾಗಿ ಸರಿಯಬೇಕಾಗುತ್ತದೆ. ದುರ್ಬಲ ಕ್ಯಾಮೆರಾ ಕೊನೆಯ ಮೂರ್ನಾಲ್ಕು ಚಿತ್ರಗಳಲ್ಲಿ ಹಿಂದೆ ಬೀಳುತ್ತದೆ, ಮುಖದ ಬದಲು ಕಿರೀಟದ ಹಿಂಭಾಗ ಹರಿತವಾಗಿರುತ್ತದೆ.

ಎರಡನೆಯದು, ತೆಂಕುತಿಟ್ಟಿನ ಧಿಗಿಣ ಅಥವಾ ಬಡಗುತಿಟ್ಟಿನ ಮಂಡಿ (ಮೊಣಕಾಲೂರಿ ಸುತ್ತುವ ಕುಣಿತ). ಮುಖ ಮರೆಯಾಗುತ್ತದೆ, ಬೆನ್ನು ಬರುತ್ತದೆ, ಮತ್ತೆ ಮುಖ. ಮುಖ ಮರೆಯಾದ ಕ್ಷಣದಲ್ಲಿ ಕ್ಯಾಮೆರಾ ಏನು ಮಾಡುತ್ತದೆಂಬುದೇ ಇಲ್ಲಿನ ಪ್ರಶ್ನೆ. ಒಳ್ಳೆಯದು ದೇಹಕ್ಕೆ ಅಂಟಿಕೊಂಡಿರುತ್ತದೆ. ಕೆಟ್ಟದ್ದು ಪಕ್ಕದ ಚೆಂಡೆಯವರ ಮುಖಕ್ಕೆ ಹಾರುತ್ತದೆ, ತಿರುಗಿ ಬರುವುದೇ ಇಲ್ಲ. ಹಾರುತ್ತಿದ್ದರೆ ಫೋಕಸ್ ಅಂಟಿಕೊಳ್ಳುವ ಪ್ರಮಾಣವನ್ನು ಮೆನುವಿನಲ್ಲಿ ಹೆಚ್ಚಿಸಿ ಮತ್ತೊಮ್ಮೆ ನೋಡಿ. ಹೆಚ್ಚಿನವರು ಆ ಮೆನುವನ್ನು ತೆರೆಯದೆಯೇ ಕ್ಯಾಮೆರಾ ಸರಿಯಿಲ್ಲ ಎಂದುಬಿಡುತ್ತಾರೆ.

ಮೂರನೆಯದು, ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ. ಕಣ್ಣನ್ನು ಗುರುತಿಸುವ ತಂತ್ರ ಸಾದಾ ಮನುಷ್ಯರ ಮುಖಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಚುಟ್ಟಿ (ಮುಖದ ಮೇಲಿನ ಉಬ್ಬಿದ ಬಿಳಿ ಚುಕ್ಕೆಗಳು) ಇಟ್ಟು, ಮೂಗಿನ ತನಕ ಬಣ್ಣ ಬಳಿದ ರಾಕ್ಷಸನ ಮುಖ ಅದಕ್ಕೆ ಮುಖವೆಂದೇ ಅನ್ನಿಸದಿರಬಹುದು. ಆದ್ದರಿಂದ ಕಣ್ಣಿನ ಗುರುತಿಸುವಿಕೆ ಇಟ್ಟುಕೊಂಡು ಒಮ್ಮೆ, ಅದನ್ನು ತೆಗೆದು ಸಣ್ಣ ಫೋಕಸ್ ವಲಯ ಇಟ್ಟುಕೊಂಡು ಒಮ್ಮೆ ತೆಗೆಯಿರಿ. ಬಣ್ಣದ ವೇಷಕ್ಕೆ ನಾನು ಸಣ್ಣ ವಲಯವನ್ನೇ ಬಳಸುತ್ತೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಈ ಎರಡು ವಿಧಾನಗಳ ನಡುವೆ ಒಂದೇ ಗುಂಡಿಯಲ್ಲಿ ಬದಲಾಯಿಸಿಕೊಳ್ಳಲು ಆಗದ ಕ್ಯಾಮೆರಾ ಎಷ್ಟೇ ದುಬಾರಿಯಾಗಿದ್ದರೂ ಬೇಡ.

ನಾಲ್ಕನೆಯದು ಎಲ್ಲ ಆಟಗಳಲ್ಲೂ ಸಿಗುವುದಿಲ್ಲ: ದೊಂದಿ (ಪಂಜು) ಹಿಡಿದು ಸಭೆಯ ನಡುವಿನಿಂದ ಬರುವ ಮಹಿಷಾಸುರ. ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗನೆ ಏಳುತ್ತದೆ, ಮರುಕ್ಷಣ ಕತ್ತಲೆ. ಆ ಬೆಂಕಿಯಿಂದ ಫೋಕಸ್ ಮುಖಕ್ಕೆ ಎಷ್ಟು ಬೇಗ ಮರಳುತ್ತದೆಂದು ನೋಡಿ. ಇಷ್ಟು ಕಠಿಣವಾದ ಪರೀಕ್ಷೆಯನ್ನು ಯಾವ ಪ್ರಯೋಗಾಲಯವೂ ಒದಗಿಸಲಾರದು.

ನಡುನಡುವೆ ಇನ್ನೊಂದು ಕೆಲಸ ಮಾಡಿ. ಲೆನ್ಸನ್ನು ಬೇಕೆಂದೇ ಹತ್ತಿರದ ಕುರ್ಚಿಗೆ ಫೋಕಸ್ ಮಾಡಿಟ್ಟು, ತಟ್ಟನೆ ವೇಷದತ್ತ ತಿರುಗಿಸಿ ಗುಂಡಿ ಒತ್ತಿ. ಮೊದಲ ಚಿತ್ರವೇ ಹರಿತವಾಗಿ ಬರುತ್ತದೆಯೋ, ಮೂರನೆಯದೋ? ರಂಗದ ಮೇಲೆ ಕೆಂಪು ದೀಪವೊಂದೇ ಉರಿಯುವಾಗ ಇದನ್ನು ಮತ್ತೆ ಮಾಡಿ. ಬಹಳಷ್ಟು ಕ್ಯಾಮೆರಾಗಳು ತಡವರಿಸುವುದು ಅಲ್ಲೇ. ಕೆಂಪು ಬೆಳಕಿನಲ್ಲಿ ಮಟ್ಟ ನೋಡುವಾಗ ಮೂರೂ ಬಣ್ಣಗಳನ್ನು ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮನ್ನೇ (ಬೆಳಕಿನ ಹಂಚಿಕೆಯ ನಕ್ಷೆ) ನೋಡಿ. ಬಿಳಿಯ ಒಂದೇ ಗೆರೆ ಎಲ್ಲ ಸರಿಯಿದೆ ಎನ್ನುತ್ತಿರುವಾಗಲೇ ಕೆಂಪು ಪೂರ್ತಿ ಸಿಡಿದುಹೋಗಿರುತ್ತದೆ.

ಮರುದಿನ ಎಣಿಕೆ. ಪ್ರತಿಯೊಂದು ಚಿತ್ರವನ್ನೂ ಪೂರ್ತಿ ಹಿಗ್ಗಿಸಿ ಮೂರು ಗುಂಪು ಮಾಡಿ: ರೆಪ್ಪೆ ಎಣಿಸುವಷ್ಟು ಹರಿತ, ಪತ್ರಿಕೆಗೆ ಸಾಲುವಷ್ಟು, ಎಸೆಯುವಂಥದು. ಕೈ ಅಲುಗಿದ್ದಕ್ಕೂ ಫೋಕಸ್ ತಪ್ಪಿದ್ದಕ್ಕೂ ವ್ಯತ್ಯಾಸ ತಿಳಿದಿರಲಿ. ಚಿತ್ರದಲ್ಲಿ ಬೇರೆ ಏನಾದರೂ ಹರಿತವಾಗಿದ್ದರೆ ಫೋಕಸಿನ ತಪ್ಪು, ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈಯದು. ಹಳೆಯ ಕ್ಯಾಮೆರಾದ ಚಿತ್ರಗಳನ್ನೂ ಹೀಗೆಯೇ ಎಣಿಸಿ. ಹೊಸದು ಹತ್ತರಲ್ಲಿ ಎಂಟು, ಹಳೆಯದು ಹತ್ತರಲ್ಲಿ ಏಳು ಕೊಟ್ಟಿದ್ದರೆ ದಯವಿಟ್ಟು ಹಣ ಉಳಿಸಿ ಒಳ್ಳೆಯ ಲೆನ್ಸ್ ಕೊಳ್ಳಿ.

ಎಲ್‌ಇಡಿ ದೀಪದ ಪಟ್ಟೆಗಳು

ಹೊಸಬರನ್ನು ಹೆಚ್ಚು ಕಂಗೆಡಿಸುವುದು ಇದು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಕ್ಯಾಮೆರಾಗಳಲ್ಲಿರುವ ಸಾಮಾನ್ಯ ಮಿನುಗು ತಡೆ ಹಿಡಿಯುವುದು ಈ 100ರ ಮತ್ತು 60 ಹರ್ಟ್ಸ್ ವಿದ್ಯುತ್ತಿರುವ ದೇಶಗಳ 120ರ ಮಿನುಗನ್ನು ಮಾತ್ರ. ರಂಗದ ಎಲ್‌ಇಡಿ ದೀಪಗಳು ನೂರಾರು, ಕೆಲವೊಮ್ಮೆ ಸಾವಿರಾರು ಬಾರಿ ಮಿನುಗುತ್ತವೆ. ಸೆನ್ಸರ್ ಸಾಲು ಸಾಲಾಗಿ ಓದುತ್ತಾ ಹೋಗುವಾಗ ಕೆಲವು ಸಾಲು ಬೆಳಕಿನಲ್ಲಿ, ಕೆಲವು ಕತ್ತಲಲ್ಲಿ ಸಿಕ್ಕಿ ಮುಖದ ಮೇಲೆ ಅಡ್ಡಪಟ್ಟೆ ಬೀಳುತ್ತದೆ.

ಓದುವ ವೇಗವೇ ಇಲ್ಲಿ ಮುಖ್ಯ. ಸಾಮಾನ್ಯ ಸೆನ್ಸರ್‌ಗಳು ಎಲೆಕ್ಟ್ರಾನಿಕ್ ಶಟರಿನಲ್ಲಿ ಪೂರ್ತಿ ಚಿತ್ರ ಓದಲು ಸುಮಾರು 1/20ರಿಂದ 1/50 ಸೆಕೆಂಡ್ ತೆಗೆದುಕೊಳ್ಳುತ್ತವೆ. ಯಾಂತ್ರಿಕ ಶಟರೇ ಇಲ್ಲದ ನಿಕಾನ್ ಝಡ್9 ಸುಮಾರು 1/270ರಲ್ಲಿ ಮುಗಿಸುತ್ತದೆ. 2023ರ ಕೊನೆಯಲ್ಲಿ ಪ್ರಕಟವಾದ ಸೋನಿ ಎ9 III ಇಡೀ ಚಿತ್ರವನ್ನು ಒಮ್ಮೆಲೇ ಓದುತ್ತದೆ. ಅದರಲ್ಲಿ ಪಟ್ಟೆ ಬೀಳುವುದಿಲ್ಲ, ಆದರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪಗೆ ಬರಬಹುದು. ಅದರ ಕನಿಷ್ಠ ಐಎಸ್‌ಒ 250ರಿಂದ ಶುರುವಾಗುತ್ತದೆ, ನಾಯ್ಸ್ ಕೂಡ ತುಸು ಹೆಚ್ಚು.

ಪರೀಕ್ಷೆ ಸುಲಭ: 1/250, 1/500, 1/1000, 1/2000ರಲ್ಲಿ ಎಲೆಕ್ಟ್ರಾನಿಕ್ ಶಟರಿನಲ್ಲಿ ಒಂದು ಸಾಲು, ಯಾಂತ್ರಿಕ ಶಟರ್ ಇದ್ದರೆ ಅದರಲ್ಲಿ ಇನ್ನೊಂದು ಸಾಲು. ಪಟ್ಟೆ ಕಂಡರೆ ಶಟರ್ ವೇಗವನ್ನು ಸೂಕ್ಷ್ಮವಾಗಿ ಹೊಂದಿಸುವ ಮೆನು ಇದೆಯೇ ಎಂದು ಹುಡುಕಿ. ಮಿನುಗಿನ ಒಂದು ಪೂರ್ತಿ ಸುತ್ತಿಗೆ ಶಟರ್ ಹೊಂದಿಕೊಂಡಾಗ ಪಟ್ಟೆ ಮಾಯವಾಗುತ್ತದೆ. ಕರಾವಳಿಯ ರಂಗಸ್ಥಳಗಳಲ್ಲಿ ಎಲ್‌ಇಡಿ ತುಂಬಿರುವ ಈ ಕಾಲದಲ್ಲಿ ಈ ಮೆನು ಇಲ್ಲದ ಕ್ಯಾಮೆರಾವನ್ನು ನಾನು ಶಿಫಾರಸು ಮಾಡುವುದಿಲ್ಲ. ಚೆಂಡೆಯ ಅಬ್ಬರದಲ್ಲಿ ಶಟರಿನ ಸದ್ದು ಯಾರಿಗೂ ಕೇಳಿಸದು, ಯಾಂತ್ರಿಕ ಶಟರನ್ನೇ ಬಳಸಬಹುದು. ಧಾರವಾಡದ ಸಂಗೀತ ಬೈಠಕ್ಕಿನಲ್ಲಿ ಆಲಾಪ ನಡೆಯುವಾಗ ಅದು ಅಕ್ಷಮ್ಯ, ಅಲ್ಲಿ ನಿಶ್ಶಬ್ದ ಶಟರ್ ಬೇಕೇ ಬೇಕು.

ಉಳಿದವು

ಕಾರ್ಡ್: ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ವೇಗ ಓದುವುದರದ್ದು. ಸತತವಾಗಿ ಬರೆಯುವ ವೇಗವನ್ನು ಕೇಳಿ ತಿಳಿದು ಕೊಳ್ಳಿ. ಗುಂಡಿ ಒತ್ತಿ ಹಿಡಿದು ಕ್ಯಾಮೆರಾ ಎಷ್ಟನೇ ಸೆಕೆಂಡಿಗೆ ಏದುಸಿರು ಬಿಡುತ್ತದೆಂದು ನೋಡಿ. ವ್ಯೂಫೈಂಡರ್: ಕತ್ತಲಲ್ಲಿ ಚಲನೆ ತಡವಾಗಿ ಕಾಣುತ್ತದೆಯೇ ಎಂದು ಗಮನಿಸಿ. ಬ್ಯಾಟರಿ: ಕಂಪನಿಯದೇ ಇರಲಿ, ನಕಲಿ ಬೇಡ. ತೂಕ: ಬೆಳಗಿನ ಜಾವ ನಾಲ್ಕಕ್ಕೆ ನಿಮ್ಮ ಮಣಿಕಟ್ಟೇ ಹೇಳುತ್ತದೆ. ಆ ಹೊತ್ತಿಗೆ ಇಬ್ಬನಿಯೂ ಇಳಿಯುತ್ತದೆ, ಲೆನ್ಸ್ ಒರೆಸಲು ಶುದ್ಧ ಹತ್ತಿ ಬಟ್ಟೆ ಇಟ್ಟುಕೊಂಡಿರಿ.

ಕೊಳ್ಳುವಾಗ ಭಾರತದ ವಾರಂಟಿ ಇರುವ ಬಿಲ್ಲನ್ನೇ ಕೇಳಿ. ಹೊರಗಿನಿಂದ ತಂದ ಮಾಲು ಎಷ್ಟೇ ಅಗ್ಗವಾಗಿ ಸಿಕ್ಕರೂ ರಿಪೇರಿಗೆ ಬಂದಾಗ ಉಳಿಸಿದ್ದೆಲ್ಲ ಹೋಗುತ್ತದೆ. ಬಾಡಿಗೆಯ ಕ್ಯಾಮೆರಾವನ್ನು ಮರಳಿಸುವ ಮುನ್ನ ನೀವು ಹೊಂದಿಸಿಕೊಂಡ ಮೆನುಗಳನ್ನು ಕಾರ್ಡಿಗೆ ಉಳಿಸಿ ಕಂಪ್ಯೂಟರಿಗೆ ಹಾಕಿಕೊಳ್ಳಿ. ಅದೇ ಮಾದರಿಯನ್ನು ಕೊಂಡರೆ ಆ ಫೈಲನ್ನು ತುಂಬಿಸಿ ಅದೇ ದಿನ ಆಟಕ್ಕೆ ಹೊರಡಬಹುದು.