ರವೆನ್ನಾದ ಮೊಸಾಯಿಕ್ ಚರ್ಚುಗಳು: ಒಂದು ಹಗಲಿನ ನಡಿಗೆಗೆ ನಾನು ಹಾಕಿಕೊಂಡ ಕ್ರಮ

ಇಟಲಿಯ ರವೆನ್ನಾದಲ್ಲಿ ರೈಲಿಳಿದವರು ಸಾಮಾನ್ಯವಾಗಿ ನೇರ ಸಾನ್ ವಿತಾಲೆ ಚರ್ಚಿಗೆ ಹೋಗುತ್ತಾರೆ. ನಾನು ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡೆ, ಈಗಲೂ ಎಲ್ಲರಿಗೂ ಹಾಗೆಯೇ ಹೇಳುತ್ತೇನೆ. ಅದನ್ನು ಮೊದಲೇ ನೋಡಿಬಿಟ್ಟರೆ ಉಳಿದವು ಸಪ್ಪೆ ಎನಿಸುತ್ತವೆ. ಅದೂ ಅಲ್ಲದೆ ಮೊಸಾಯಿಕ್, ಅಂದರೆ ಬಣ್ಣದ ಸಣ್ಣ ಹರಳು ಜೋಡಿಸಿ ಮಾಡಿದ ಚಿತ್ರ, ನೋಡಲು ಕಣ್ಣು ಪಳಗಬೇಕು. ಬೆಳಿಗ್ಗೆ ಎರಡು ಮೂರು ಕಡೆ ನಿಧಾನವಾಗಿ ನೋಡಿ ಹೋದರೆ ಸಾನ್ ವಿತಾಲೆಯಲ್ಲಿ ಯಾವುದನ್ನು ಹುಡುಕಬೇಕೆಂದು ಗೊತ್ತಿರುತ್ತದೆ.

ಒಟ್ಟು ನಡಿಗೆ ನಾಲ್ಕು ಕಿಲೋಮೀಟರ್ ದಾಟುವುದಿಲ್ಲ, ಊರು ಸಪಾಟಾಗಿದೆ. ಆದರೆ ಸಮಯ ಬೆಳಿಗ್ಗೆಯಿಂದ ಸಂಜೆ ನಾಲ್ಕೂವರೆಯವರೆಗೂ ಬೇಕು. ಬೊಲೋನ್ಯಾದಿಂದ ಪ್ರಾದೇಶಿಕ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ಪ್ರಯಾಣ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು. ಟಿಕೆಟ್ ಇದ್ದೂ ದಂಡ ಕಟ್ಟುವವರು ಇಲ್ಲಿಯೇ ಎಡವುವುದು.

ಸಾನ್ ವಿತಾಲೆ, ಗಾಲ್ಲಾ ಪ್ಲಾಚೀದಿಯಾ ಸಮಾಧಿ, ಸಾಂತ್ ಅಪೊಲ್ಲಿನಾರೆ ನುವೊವೊ, ನಿಯೋನ್ ದೀಕ್ಷಾಸ್ನಾನ ಗೃಹ (ಕ್ರೈಸ್ತ ದೀಕ್ಷೆ ಕೊಡುತ್ತಿದ್ದ ಕಟ್ಟಡ; ನಿಯೋನ್ ಇಲ್ಲಿನ ಬಿಷಪ್), ಆರ್ಚ್‌ಬಿಷಪ್ ಮ್ಯೂಸಿಯಂ, ಇವೆಲ್ಲ ಧರ್ಮಪ್ರಾಂತ್ಯದ ಒಂದೇ ಜಂಟಿ ಟಿಕೆಟ್ಟಿನಲ್ಲಿ ಬರುತ್ತವೆ. ಪ್ರತಿಯೊಂದಕ್ಕೂ ಒಂದೇ ಸಲ ಪ್ರವೇಶ. ಗಾಲ್ಲಾ ಪ್ಲಾಚೀದಿಯಾ ಮತ್ತು ನಿಯೋನ್ ಗೃಹ ತೀರಾ ಚಿಕ್ಕವು, ಅವೆರಡಕ್ಕೆ ನಿಗದಿತ ಹೊತ್ತು ಕಾಯ್ದಿರಿಸಬೇಕು. ಇಡೀ ದಿನದ ಲೆಕ್ಕ ನಿಲ್ಲುವುದು ಈ ಎರಡು ಹೊತ್ತುಗಳ ಮೇಲೆ. ನಾನು ಇಟ್ಟುಕೊಳ್ಳುವುದು ಮೊದಲನೆಯದಕ್ಕೆ ಮಧ್ಯಾಹ್ನ ಒಂದು ಗಂಟೆಯ ಹೊತ್ತು, ಎರಡನೆಯದಕ್ಕೆ ಎರಡೂವರೆಯದು. ಎರಡರ ನಡುವೆ ಒಂದೂವರೆ ಗಂಟೆಗಿಂತ ಕಡಿಮೆ ಅಂತರ ಇಟ್ಟರೆ ಸಾನ್ ವಿತಾಲೆಯನ್ನು ಅರ್ಧಕ್ಕೆ ಬಿಟ್ಟು ಓಡಬೇಕಾಗುತ್ತದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಜೊತೆಗೆ ಒಂದು ಸಣ್ಣ ದುರ್ಬೀನು ಮತ್ತು ಜೇಬಿನಲ್ಲಿ ಎರಡು ಮೂರು ಒಂದು ಯೂರೋ ನಾಣ್ಯ.

ಸ್ಟೇಷನ್ನಿನಿಂದ ಹೊರಟು ಐದು ನಿಮಿಷವೂ ಆಗುವುದಿಲ್ಲ, ಸಾನ್ ಜೊವಾನ್ನಿ ಎವಾಂಜೆಲಿಸ್ತಾ ಸಿಗುತ್ತದೆ. ಸಮುದ್ರದ ಬಿರುಗಾಳಿಯಲ್ಲಿ ಬದುಕುಳಿದ ರೋಮನ್ ರಾಣಿ ಗಾಲ್ಲಾ ಪ್ಲಾಚೀದಿಯಾ ಹರಕೆ ತೀರಿಸಲು ಕಟ್ಟಿಸಿದ ಚರ್ಚಿದು. ಎರಡನೇ ಮಹಾಯುದ್ಧದ ಬಾಂಬಿಗೆ ಬಹುಪಾಲು ಬಿದ್ದು, ಮತ್ತೆ ಕಟ್ಟಿದ್ದಾರೆ. ಒಳಗೋಡೆಗೆ ನೇತುಹಾಕಿರುವ 1213ರ ನೆಲದ ಮೊಸಾಯಿಕ್ ತುಂಡುಗಳಲ್ಲಿ ನಾಲ್ಕನೇ ಕ್ರುಸೇಡಿನ (ಕ್ರೈಸ್ತರ ಧರ್ಮಯುದ್ಧ) ದೃಶ್ಯಗಳಿವೆ. ಗೆರೆ ಒರಟು, ಮಕ್ಕಳು ಬರೆದ ಹಾಗೆ. ಮುಂದೆ ನೋಡುವ ಕೆಲಸದ ನಯ ಅರಿವಾಗಲು ಇದನ್ನು ಮೊದಲು ನೋಡಿರುವುದು ಒಳ್ಳೆಯದು. ಹತ್ತು ನಿಮಿಷ ಸಾಕು.

ವಿಯಾ ದಿ ರೋಮಾ ಹಿಡಿದು ದಕ್ಷಿಣಕ್ಕೆ ನಡೆದರೆ ಸಾಂತ್ ಅಪೊಲ್ಲಿನಾರೆ ನುವೊವೊ. ಆರನೇ ಶತಮಾನದ ಆರಂಭದಲ್ಲಿ ಗೋಥ್ ರಾಜ ಥಿಯೋಡರಿಕ್ ತನ್ನ ಅರಮನೆಗೆ ಹೊಂದಿಕೊಂಡಂತೆ ಕಟ್ಟಿಸಿದ್ದು. ಆತ ಏರಿಯನ್ ಪಂಥದವನು. ಯೇಸು ತಂದೆಯಾದ ದೇವರಿಗೆ ಸರಿಸಮಾನನಲ್ಲ ಎನ್ನುವುದು ಅವರ ನಂಬಿಕೆ. 540ರಲ್ಲಿ ಊರು ಬೈಜಾಂಟಿಯಮ್ಮಿನ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಕೈಗೆ ಬಂದ ಮೇಲೆ, 561ರ ಹೊತ್ತಿಗೆ ಬಿಷಪ್ ಅಗ್ನೆಲ್ಲಸ್ ಇದನ್ನು ಕ್ಯಾಥೊಲಿಕ್ ಆರಾಧನೆಗೆ ತಿರುಗಿಸಿದ. ಆಗ ಗೋಡೆಯ ಚಿತ್ರಗಳನ್ನೂ ತಿದ್ದಿದರು.

ತಿದ್ದಿದ ಗುರುತು ನೋಡಬೇಕೆಂದರೆ ಒಳಗೆ ಹೋದೊಡನೆ ಬಲಗೋಡೆಯ ಬಾಗಿಲ ಕಡೆಯ ತುದಿಗೆ ಕತ್ತೆತ್ತಿ. 'ಪಲಾತಿಯುಮ್' ಎಂದು ಬರೆದಿರುವ ಅರಮನೆ ಇದೆ, ಕಮಾನುಗಳ ನಡುವೆ ಬಿಳಿ ಪರದೆಗಳಿವೆ. ಪರದೆಗಳ ಜಾಗದಲ್ಲಿ ಮೊದಲು ಮನುಷ್ಯರಿದ್ದರು. ಅವರನ್ನು ಕಿತ್ತು ಪರದೆ ಕೂರಿಸಿದವರು ಕಂಬಗಳ ಮೇಲೆ ಚಾಚಿದ್ದ ಕೈಗಳನ್ನು ಹಾಗೆಯೇ ಬಿಟ್ಟಿದ್ದಾರೆ. ದುರ್ಬೀನು ಹಿಡಿದರೆ ಕಂಬದ ಬಿಳುಪಿನ ಮೇಲೆ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದು ಕೈ, ಯಾರದೆಂದು ಗೊತ್ತಿಲ್ಲದ ಕೈ, ಸ್ಪಷ್ಟವಾಗಿ ಕಾಣುತ್ತದೆ. ಇಡೀ ರವೆನ್ನಾದಲ್ಲಿ ನನ್ನನ್ನು ಅತಿ ಹೆಚ್ಚು ಹೊತ್ತು ನಿಲ್ಲಿಸುವ ಜಾಗ ಇದು.

ಬಲಕ್ಕೆ 26 ಹುತಾತ್ಮರ ಸಾಲು, ಎಡಕ್ಕೆ 22 ಕನ್ಯೆಯರದು. ಎಲ್ಲ ಮುಖ ಒಂದೇ ಥರ ಕಂಡರೆ ಬೇಸರಪಡಬೇಡಿ. ಹುತಾತ್ಮರ ಮುಂಚೂಣಿಯಲ್ಲಿರುವ ಮಾರ್ಟಿನ್ ಒಬ್ಬನೇ ಕಡುನೇರಳೆ ಬಟ್ಟೆಯಲ್ಲಿದ್ದಾನೆ. ತಿದ್ದಿದ ಮೇಲೆ ಈ ಚರ್ಚನ್ನು ಅವನ ಹೆಸರಿಗೇ ಮಾಡಿದ್ದರು. ಕನ್ಯೆಯರಲ್ಲಿ ಆಗ್ನೆಸಳ ಕಾಲ ಬಳಿ ಕುರಿಮರಿ ಇದೆ. ತೀರಾ ಮೇಲಿನ ಸಾಲಿನ 26 ಚಿಕ್ಕ ದೃಶ್ಯಗಳು ಥಿಯೋಡರಿಕ್ ಕಾಲದವೇ. ಎಡಗಡೆ ಯೇಸುವಿಗೆ ಗಡ್ಡವಿಲ್ಲ, ಬಲಗಡೆ ಇದೆ. ಮುಕ್ಕಾಲು ಗಂಟೆ ಇಲ್ಲಿಗೇ ಮೀಸಲಿಡಿ.

ಅಲ್ಲಿಂದ ಉತ್ತರಕ್ಕೆ ಐದಾರು ನಿಮಿಷ ನಡೆದರೆ ಏರಿಯನ್ ದೀಕ್ಷಾಸ್ನಾನ ಗೃಹ. ಇದು ಸರ್ಕಾರದ್ದು, ಜಂಟಿ ಟಿಕೆಟ್ಟಿಗೆ ಸೇರುವುದಿಲ್ಲ. ಗೋಡೆ ಬೋಳು. ಗುಮ್ಮಟದ ಮೊಸಾಯಿಕ್ ಮಾತ್ರ ಉಳಿದಿದೆ. ನೀರಿನಲ್ಲಿ ನಿಂತ ಗಡ್ಡವಿಲ್ಲದ ಯೇಸು, ಬಲಕ್ಕೆ ಚಿರತೆ ಚರ್ಮ ಹೊದ್ದ ಸ್ನಾನಿಕ ಯೋಹಾನ, ಎಡಕ್ಕೆ ತಲೆಯ ಮೇಲೆ ಏಡಿಯ ಕೊಂಡಿಗಳಿರುವ ಮುದುಕ. ಆ ಮುದುಕನೇ ಯೋರ್ದನ್ ನದಿ. ಈ ಮೂವರೂ ಎಲ್ಲಿದ್ದಾರೆಂದು ಮನಸ್ಸಿನಲ್ಲಿಟ್ಟುಕೊಳ್ಳಿ, ಮಧ್ಯಾಹ್ನ ಬೇಕಾಗುತ್ತದೆ.

ಊಟಕ್ಕೆ ಪಿಯಾದೀನಾ ಸುಲಭ. ಗೋಧಿ ಹಿಟ್ಟಿನ ದಪ್ಪ ರೊಟ್ಟಿ, ಒಳಗೆ ಸ್ಕ್ವಾಕ್ವೆರೋನೆ ಎನ್ನುವ ಮೆತ್ತನೆಯ ಚೀಸು ಮತ್ತು ಸೊಪ್ಪು. ನೋಡಿದರೆ ಪೂರಾ ಸಸ್ಯಾಹಾರ. ಆದರೆ ಸಾಂಪ್ರದಾಯಿಕವಾಗಿ ಹಿಟ್ಟು ಕಲಸುವುದು ಹಂದಿಯ ಕೊಬ್ಬಿನಲ್ಲಿ. ಅದನ್ನು ಸ್ತ್ರುತ್ತೊ ಎನ್ನುತ್ತಾರೆ. ನಮ್ಮ ಕಡೆಯ ಸಸ್ಯಾಹಾರಿಗಳು 'ಸೆಂತ್ಸಾ ಸ್ತ್ರುತ್ತೊ' ಎಂದು ಕೇಳಿ, ಎಣ್ಣೆಯಲ್ಲಿ ಕಲಸಿದ್ದು ಇದ್ದರೆ ಮಾತ್ರ ತೆಗೆದುಕೊಳ್ಳಿ.

ಗಾಲ್ಲಾ ಪ್ಲಾಚೀದಿಯಾ ಸಮಾಧಿ ಮತ್ತು ಸಾನ್ ವಿತಾಲೆ ಒಂದೇ ಆವರಣದಲ್ಲಿವೆ. ಸಮಾಧಿ ಎಂಬ ಹೆಸರಿದ್ದರೂ ಆಕೆ 450ರಲ್ಲಿ ತೀರಿಕೊಂಡದ್ದು ರೋಮಿನಲ್ಲಿ. ಹೊರಗಿನಿಂದ ಶಿಲುಬೆಯಾಕಾರದ ಗಿಡ್ಡ ಇಟ್ಟಿಗೆ ಕಟ್ಟಡ, ಅಷ್ಟೇ. ಜನ ಹೆಚ್ಚಿದ್ದಾಗ ಒಳಗಿರಲು ಐದು ನಿಮಿಷ ಕೊಡುತ್ತಾರೆ. ಬಿಸಿಲಿನಿಂದ ಹೋದ ಕಣ್ಣಿಗೆ ಮೊದಲ ಎರಡು ನಿಮಿಷ ಕತ್ತಲೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಆದ್ದರಿಂದ ಸಾಲಿನಲ್ಲಿರುವಾಗಲೇ ತಂಪು ಕನ್ನಡಕ ಹಾಕಿಕೊಂಡು, ನೆರಳಲ್ಲಿ ನಿಂತು ಫೋನ್ ನೋಡದೆ ಇರಿ. ಒಳಗೆ ಹೋದ ಮೇಲೆ ಕನ್ನಡಕ ತೆಗೆಯಿರಿ. ಕಿಟಕಿಗಳಿಗೆ ಗಾಜಿಲ್ಲ, 1911ರಲ್ಲಿ ಕೂರಿಸಿದ ಅಲಬಾಸ್ಟರ್ ಕಲ್ಲಿನ ಹಲಗೆಗಳಿವೆ. ಬೆಳಕು ಅದರೊಳಗಿಂದ ಸೋಸಿ ಜೇನಿನ ಬಣ್ಣವಾಗಿ ಬರುತ್ತದೆ. ಮೊದಲು ನಡುವಿನ ಕಡುನೀಲಿ ಗುಮ್ಮಟದ ಬಂಗಾರದ ನಕ್ಷತ್ರಗಳು, ಆಮೇಲೆ ಹಿಂದಿರುಗಿ ಬಾಗಿಲ ಮೇಲಿನ ಕುರುಬ ಯೇಸು. ಹೊರಗೆ ಹೋಗುವಾಗ ನೋಡಿದರಾಯಿತು ಎಂದುಕೊಂಡರೆ ನೂಕುನುಗ್ಗಲಲ್ಲಿ ಅದು ತಪ್ಪಿಹೋಗುತ್ತದೆ.

ಸಾನ್ ವಿತಾಲೆಯಲ್ಲಿ ಎಲ್ಲರೂ ಮಾಡುವ ತಪ್ಪು ನಡುವೆ ನಿಂತು ಮೇಲೆ ನೋಡುವುದು. ಗುಮ್ಮಟದ ಆ ಚಿತ್ರಗಳು 18ನೇ ಶತಮಾನದವು. 547ರ ಸುಮಾರಿಗೆ ಪ್ರತಿಷ್ಠೆಯಾದ ಚರ್ಚಿನ ಮೊಸಾಯಿಕ್ ಇರುವುದು ಬಲಿಪೀಠದ ಸುತ್ತ. ಹಾಂ, ಗುಮ್ಮಟವನ್ನು ಕಟ್ಟಿದ ರೀತಿ ಮಾತ್ರ ತಿಳಿದಿರಲಿ. ಒಂದರೊಳಗೊಂದು ತೂರಿಸಿದ ಟೊಳ್ಳು ಮಣ್ಣಿನ ಕೊಳವೆಗಳಿಂದ ಕಟ್ಟಿದ್ದು, ಅದಕ್ಕೇ ಅಷ್ಟು ಹಗುರ.

ಬಲಿಪೀಠದ ಹಿಂದಿನ ಅರ್ಧವೃತ್ತದಲ್ಲಿ ಎಡಕ್ಕೆ ಬೈಜಾಂಟಿಯಮ್ ಸಾಮ್ರಾಟ ಜಸ್ಟಿನಿಯನ್, ಬಲಕ್ಕೆ ರಾಣಿ ಥಿಯೊಡೋರಾ. ಅವನ ಕೈಯಲ್ಲಿ ರೊಟ್ಟಿಯ ತಟ್ಟೆ, ಅವಳ ಕೈಯಲ್ಲಿ ದ್ರಾಕ್ಷಾರಸದ ಬಟ್ಟಲು. ಜಸ್ಟಿನಿಯನ್ ರವೆನ್ನಾಕ್ಕೆ ಕಾಲಿಟ್ಟವನೇ ಅಲ್ಲ. ಹೆಸರು ಬರೆದಿರುವುದು ಬಿಷಪ್ ಮ್ಯಾಕ್ಸಿಮಿಯನ್ ಒಬ್ಬನ ತಲೆಯ ಮೇಲೆ. ಥಿಯೊಡೋರಾಳ ಸೆರಗಿನಂಚಿನಲ್ಲಿ ಶಿಶು ಯೇಸುವಿಗೆ ಕಾಣಿಕೆ ಹೊತ್ತ ಮೂವರು ಜ್ಞಾನಿಗಳ ಕಸೂತಿ ಇದೆ. ಒಂದೇ ಜಾಗದಲ್ಲಿ ನಿಲ್ಲದೆ ನಾಲ್ಕು ಹೆಜ್ಜೆ ಎಡಬಲ ಓಡಾಡಿ. ಬಂಗಾರದ ಹರಳೆಂದರೆ ಎರಡು ಗಾಜಿನ ಪದರದ ನಡುವೆ ಚಿನ್ನದ ರೇಕು. ಅವನ್ನು ಸ್ವಲ್ಪ ಓರೆಯಾಗಿ ಒತ್ತಿರುವುದರಿಂದ ನೀವು ಸರಿದಂತೆ ಹೊಳಪೂ ಸರಿಯುತ್ತದೆ. ಫೋಟೋದಲ್ಲಿ ಸಿಗದಿರುವುದು ಇದೇ.

ನಿಯೋನ್ ಗೃಹಕ್ಕೆ ಹತ್ತು ಹನ್ನೆರಡು ನಿಮಿಷದ ದಾರಿ. ಮೂಲ ನೆಲ ಈಗಿನದಕ್ಕಿಂತ ಸುಮಾರು ಮೂರು ಮೀಟರ್ ಕೆಳಗಿದೆ. ಇಲ್ಲಿಯೂ ಗುಮ್ಮಟದಲ್ಲಿ ಅದೇ ದೀಕ್ಷಾಸ್ನಾನ, ಏರಿಯನ್ನರದಕ್ಕಿಂತ ಅರ್ಧ ಶತಮಾನ ಹಳೆಯದು. ಯೋಹಾನ ಎಡಕ್ಕಿದ್ದಾನೆ, ನದಿ ಬಲಕ್ಕೆ. ಯೇಸುವಿಗೆ ಗಡ್ಡವಿದೆ. ಆದರೆ ಅದನ್ನು ಕ್ಯಾಥೊಲಿಕ್, ಏರಿಯನ್ ಎಂಬ ಎರಡು ಪಂಥಗಳ ವ್ಯತ್ಯಾಸ ಎಂದುಕೊಳ್ಳಬೇಡಿ. ಯೇಸುವಿನ ತಲೆಭಾಗ 19ನೇ ಶತಮಾನದ ದುರಸ್ತಿಯಲ್ಲಿ ಹೊಸದಾಗಿ ಸೇರಿಸಿದ್ದು. ಪಕ್ಕದ ಮ್ಯೂಸಿಯಂನಲ್ಲಿ ಮ್ಯಾಕ್ಸಿಮಿಯನ್‌ನ ದಂತದ ಪೀಠವಿದೆ. ಸಮಯ ಕಡಿಮೆ ಇದ್ದರೆ ಉಳಿದದ್ದು ಬಿಟ್ಟು ಅದಷ್ಟನ್ನು ನೋಡಿ.

ಕೊನೆಗೆ ಸಾನ್ ಫ್ರಾಂಚೆಸ್ಕೊ. ಇದು ಮಧ್ಯಾಹ್ನ ಮುಚ್ಚಿ ಮೂರರ ಮೇಲೆ ತೆರೆಯುವ ಚರ್ಚು, ಅದಕ್ಕೇ ಕೊನೆಗೆ ಇಟ್ಟದ್ದು. 1321ರಲ್ಲಿ ಕವಿ ಡಾಂಟೆಯ ಅಂತ್ಯಕ್ರಿಯೆ ನಡೆದದ್ದು ಇಲ್ಲಿ, ಸಮಾಧಿ ಪಕ್ಕದಲ್ಲೇ ಇದೆ. ಬಲಿಪೀಠದ ಕೆಳಗೆ ಮೆಟ್ಟಿಲಿಳಿದು ಕಿಂಡಿಯಲ್ಲಿ ಬಗ್ಗಿದರೆ ಕತ್ತಲೆ. ಪೆಟ್ಟಿಗೆಗೆ ನಾಣ್ಯ ಹಾಕಿದಾಗ ದೀಪ ಹತ್ತಿ ನೆಲಮಾಳಿಗೆ ಪೂರ್ತಿ ನೀರು ಕಾಣುತ್ತದೆ. ಊರಿನ ನೆಲ ಕುಸಿಯುತ್ತಾ ಬಂದು ಅದು ಅಂತರ್ಜಲಕ್ಕಿಂತ ಕೆಳಗಾಗಿದೆ. ಕಂಬಗಳ ನಡುವೆ ಹೊಂಬಣ್ಣದ ಮೀನುಗಳು, ಅವುಗಳ ಅಡಿಯಲ್ಲಿ ಹಳೆಯ ನೆಲದ ಮೊಸಾಯಿಕ್. ಕಣ್ಣು ಹೊಂದುವಷ್ಟರಲ್ಲಿ ದೀಪ ಆರುತ್ತದೆ. ಎರಡನೇ ನಾಣ್ಯ ಅದಕ್ಕೆ.